ಫೋಲ್ಡರ್ ಟ್ರೀಗೆ 'ಲೆವೆಲ್‌ಗೆ ಇಷ್ಟು' ಅಂತ ದುಡ್ಡು ಕೇಳುವವರಿಗೆ ಕೆಲಸ ಕೊಡಬೇಡಿ

ಹೊರಗಿನವರ ಕೈಲಿ ಫ್ರಂಟ್‌ಎಂಡ್ (ಬ್ರೌಸರಿನಲ್ಲಿ ಕಾಣುವ ಭಾಗದ) ಕೆಲಸ ಮಾಡಿಸುವವರು ದಯವಿಟ್ಟು ಇದನ್ನು ಓದಿ. ಜೇಸನ್ (ಡೇಟಾ ಕಳಿಸೋಕೆ ಬಳಸೋ ಪಠ್ಯದ ರೂಪ) ಡೇಟಾ ಕೊಟ್ಟು, ಜಾವಾಸ್ಕ್ರಿಪ್ಟ್‌ನಲ್ಲಿ ಫೋಲ್ಡರ್ ಟ್ರೀ, ಅಂದರೆ ಫೋಲ್ಡರ್ ಒಳಗೆ ಫೋಲ್ಡರ್ ತೋರಿಸೋ ಪಟ್ಟಿ, ಮಾಡಿಕೊಡಿ ಅಂತ ಕೇಳಿದ್ದಕ್ಕೆ ನನಗೆ ಸಿಕ್ಕಿದ್ದು ಮೋಸ. ಸಿಟ್ಟು ಇನ್ನೂ ಇಳಿದಿಲ್ಲ.

ಕೆಲಸ ಇಷ್ಟೇ. ಹುಬ್ಬಳ್ಳಿಯ ಒಂದು ಆಡಿಟರ್ ಆಫೀಸಿಗೆ ಸ್ಕ್ಯಾನ್ ಮಾಡಿದ ಕಾಗದಪತ್ರ ಇಡೋ ಸಾಫ್ಟ್‌ವೇರ್ ಮಾಡುತ್ತಿದ್ದೇನೆ. ಸರ್ವರ್ ಕಡೆ ಎಲ್ಲ ನನ್ನದು. ಪಾರ್ಟಿ (ಆಡಿಟರ ಗಿರಾಕಿ) ಹೆಸರು, ಅದರೊಳಗೆ ವರ್ಷ, ಅದರೊಳಗೆ ಜಿಎಸ್‌ಟಿ, ಅದರೊಳಗೆ ತಿಂಗಳು, ಅದರೊಳಗೆ ನೋಟಿಸ್. ಐದು ಲೆವೆಲ್ ಮಾಮೂಲಿ, ಕೆಲವು ಕಡೆ ಇನ್ನೂ ಆಳ. ಪ್ರತಿ ಫೋಲ್ಡರಿಗೆ ಒಂದು ಐಡಿ, ಒಂದು ಹೆಸರು, ಅದು ಯಾವ ಫೋಲ್ಡರಿನ ಒಳಗಿದೆ ಅಂತ ಹೇಳೋ ಪೇರೆಂಟ್ ಐಡಿ. ಈ ಉದ್ದನೆಯ ಪಟ್ಟಿ ಜೇಸನ್ ಆಗಿ ಬ್ರೌಸರಿಗೆ ಹೋಗುತ್ತೆ. ಅಲ್ಲಿ ಅದನ್ನು ಒಂದರೊಳಗೊಂದು ಕೂರಿಸಿ ತೋರಿಸಬೇಕು, ಕ್ಲಿಕ್ ಮಾಡಿದರೆ ತೆರೆಯಬೇಕು, ಮುಚ್ಚಬೇಕು. ಹೊರಗಿನ ಡೆವಲಪರ್ ಜೊತೆ 18,000 ರೂಪಾಯಿಗೆ ಮಾತಾಯ್ತು. ಅರ್ಧ ಅಡ್ವಾನ್ಸ್, ಡೆಮೊ ನೋಡಿ ಕಾಲು ಭಾಗ, ಮುಗಿದ ಮೇಲೆ ಉಳಿದದ್ದು. ಹೀಗೆ ಕಂತಿನಲ್ಲಿ ಕೊಡೋದು ಮಾಮೂಲಿ ಅಲ್ವಾ.

ಡೆಮೊ ವಿಡಿಯೋ ಬಂತು. ಬಾಣದ ಗುರುತು ತಿರುಗುತ್ತೆ, ಫೋಲ್ಡರ್ ತೆರೆಯುತ್ತೆ, ಒಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಹೆಸರುಗಳೂ ನಾನು ಕಳಿಸಿದ ಸ್ಯಾಂಪಲ್‌ನವೇ. ಆಡಿಟರ್ ಸಾಹೇಬರಿಗೂ ಕಳಿಸಿದೆ, ಅವರೂ ಖುಷಿಪಟ್ಟರು. 4,500 ಹಾಕಿದೆ. ಆಮೇಲೆ ಕೋಡ್ ಕೈಗೆ ಬಂತು.

ಸ್ಯಾಂಪಲ್‌ನಲ್ಲಿ ಒಂದು ಕಡೆ ಆಫೀಸಿನವರು 'ಎಪ್ರೀಲ್' ಅಂತ ಟೈಪ್ ಮಾಡಿದ್ದರು. ಅದನ್ನು 'ಏಪ್ರಿಲ್' ಮಾಡಿ ರಿಫ್ರೆಶ್ ಒತ್ತಿದೆ. ಬದಲಾಗಲಿಲ್ಲ. ಬ್ರೌಸರ್ ಉಳಿಸಿಟ್ಟಿರೋ ಹಳೆಯ ಪ್ರತಿ (ಕ್ಯಾಶೆ) ಅಳಿಸಿದೆ, ಬೇರೆ ಬ್ರೌಸರ್ ತೆರೆದೆ, ಆಗಲೂ ಬದಲಾಗಲಿಲ್ಲ. ಸರ್ವರಿನಿಂದ ಏನೇನು ಬಂತು ಅಂತ ತೋರಿಸೋ ಬ್ರೌಸರಿನ ನೆಟ್‌ವರ್ಕ್ ಟ್ಯಾಬ್‌ನಲ್ಲಿ ನೋಡಿದರೆ ಜೇಸನ್ ಸರಿಯಾಗಿ ಬಂದಿದೆ, ತಿದ್ದಿದ ಹೆಸರೇ ಇದೆ. ಪರದೆ ಮೇಲೆ ಮಾತ್ರ ಎಪ್ರೀಲ್.

ಕೋಡ್ ತೆಗೆದು ಓದಿದೆ. ಸರ್ವರಿನಿಂದ ಡೇಟಾ ತರಿಸೋ ಫೆಚ್ ಇದೆ. ಬಂದ ಡೇಟಾವನ್ನು ಕನ್ಸೋಲ್‌ನಲ್ಲಿ (ಡೆವಲಪರುಗಳು ನೋಡೋ ಕಿಟಕಿ) ಪ್ರಿಂಟ್ ಮಾಡಿದ್ದಾರೆ. ಮುಂದೆ ಆ ಡೇಟಾವನ್ನು ಯಾವ ಸಾಲೂ ಮುಟ್ಟಿಲ್ಲ. ಕೆಳಗೆ ಎಚ್‌ಟಿಎಂಎಲ್‌ನಲ್ಲಿ ಪಟ್ಟಿ ಮಾಡೋ ಟ್ಯಾಗ್‌ಗಳನ್ನು, ಯುಎಲ್ ಒಳಗೆ ಎಲ್‌ಐ, ಎಲ್‌ಐ ಒಳಗೆ ಯುಎಲ್ ಅಂತ ಇಟ್ಟು, ಒಂದೊಂದು ಫೋಲ್ಡರಿನ ಹೆಸರನ್ನೂ ಕೈಯಲ್ಲೇ ಟೈಪ್ ಮಾಡಿ ಕೂರಿಸಿದ್ದಾರೆ. ಆ ಎಪ್ರೀಲ್ ಕೂಡ ಹಾಗೇ. ಅದನ್ನು ನೋಡಿ ಮೈಯೆಲ್ಲ ಉರಿದುಹೋಯ್ತು. ಅದನ್ನೇ ಅಲ್ವಾ ನಾನು ಸಾಹೇಬರಿಗೆ ಕಳಿಸಿದ್ದು, ಅದಕ್ಕೇ ಅಲ್ವಾ ದುಡ್ಡು ಹಾಕಿದ್ದು!

ಫೋನ್ ಎತ್ತಲಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಉತ್ತರ ಬಂತು: "ಸರ್, ನಮ್ಮ ಕಡೆ ವರ್ಕ್ ಆಗ್ತಿದೆ." ಕೋಡಿನ ಫೋಟೋ ಕಳಿಸಿದೆ. "ಸರ್, ಅದು ಡಿಸೈನ್ ಅಪ್ರೂವಲ್‌ಗೆ ಮಾತ್ರ." ಹಾಗಂತ ಮೊದಲು ಯಾಕೆ ಹೇಳಲಿಲ್ಲ ಅಂದೆ. "ಸರ್, ಎಲ್ಲರೂ ಹಾಗೇ ಮಾಡೋದು." ಎಲ್ಲರೂ ಹಾಗೆ ಮಾಡಲ್ಲ. ಡಿಸೈನ್ ತೋರಿಸೋದಾದರೆ ಡಿಸೈನ್ ಅಂತ ಹೇಳಿ ತೋರಿಸುತ್ತಾರೆ, ಅದಕ್ಕೆ ಡೆಮೊ ಅಂತ ಹೆಸರಿಟ್ಟು ಕಂತು ವಸೂಲಿ ಮಾಡಲ್ಲ.

ಜಗಳ ಆದ ಮೇಲೆ ಎರಡನೇ ಸಲದ ಕೋಡ್ ಬಂತು. ಈ ಸಲ ಡೇಟಾ ಓದುತ್ತಿತ್ತು. ಆದರೆ ಮೂರು ಲೆವೆಲ್ ಆದ ಮೇಲೆ ಏನೂ ಇಲ್ಲ. ಜಿಎಸ್‌ಟಿ ತೆರೆದರೆ ಒಳಗೆ ಖಾಲಿ. ಒಳಗೆ ನೋಡಿದರೆ ಲೂಪ್ ಒಳಗೆ ಲೂಪ್ ಒಳಗೆ ಲೂಪ್. ಐ, ಜೆ, ಕೆ ಅಂತ ಲೆವೆಲ್‌ಗೆ ಒಂದೊಂದು. ಕೆ ಮುಗಿದರೆ ಟ್ರೀ ಮುಗೀತು. ಕೇಳಿದರೆ ಬಂದ ಉತ್ತರ ಇದು, ಹಾಗೇ ಹಾಕುತ್ತಿದ್ದೇನೆ: "ಸರ್, ಮೂರಕ್ಕಿಂತ ಜಾಸ್ತಿ ಬೇಕಂದ್ರೆ ಎಕ್ಸ್‌ಟ್ರಾ ಆಗುತ್ತೆ. ಲೆವೆಲ್‌ಗೆ 2,000."

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಗೊತ್ತಿಲ್ಲದವರು ಇಲ್ಲೇ ಸಿಕ್ಕಿಬೀಳೋದು. ಟ್ರೀ ತೋರಿಸೋಕೆ ಒಂದೇ ಫಂಕ್ಷನ್ ಸಾಕು. ಅದು ಒಂದು ಫೋಲ್ಡರ್ ತೋರಿಸುತ್ತೆ, ಆ ಫೋಲ್ಡರಿಗೆ ಮಕ್ಕಳು, ಅಂದರೆ ಒಳಗಿನ ಫೋಲ್ಡರುಗಳು, ಇದ್ದರೆ ಒಂದೊಂದಕ್ಕೂ ತನ್ನನ್ನೇ ಮತ್ತೆ ಕರೆಯುತ್ತೆ. ರಿಕರ್ಷನ್ ಅನ್ನೋದು ಇದನ್ನೇ. ಮೂರು ಲೆವೆಲ್ ಇರಲಿ ಮೂವತ್ತು ಇರಲಿ, ಕೋಡ್ ಒಂದು ಸಾಲೂ ಜಾಸ್ತಿ ಆಗಲ್ಲ. ಲೆವೆಲ್‌ಗೆ ಇಷ್ಟು ಅಂತ ರೇಟ್ ಹೇಳುವವರು ಪ್ರತಿ ಲೆವೆಲ್‌ಗೂ ಹೊಸ ಲೂಪ್ ಬರೆಯುವವರು. ಆ ಮಾತು ಬಂದ ಕೂಡಲೇ ಎದ್ದು ಬನ್ನಿ.

ನಾನು ಒಂದು ಪೈಸೆ ಜಾಸ್ತಿ ಕೊಡಲ್ಲ ಅಂದೆ. ಮೂರನೇ ಸಲ ಎಲ್ಲ ಲೆವೆಲ್ ತೆರೆಯಿತು, ನನ್ನ ಸ್ಯಾಂಪಲ್‌ನಲ್ಲಿ ಎಲ್ಲ ಸರಿಯಾಗೇ ಕಂಡಿತು. ಆಫೀಸಿಗೆ ಹೋಗಿ ಅವರ ನಿಜವಾದ ಡೇಟಾ ಹಾಕಿದೆ. ಸಾಹೇಬರು ಪಕ್ಕದಲ್ಲೇ ಇದ್ದಾರೆ. ಗುಮಾಸ್ತರು ಒಂದು ಪಾರ್ಟಿ ತೆರೆದು, 2019-20 ತೆರೆದು, ಸ್ವಲ್ಪ ಹೊತ್ತು ನೋಡಿ, "ಸರ, ಇದ್ರಾಗ ನೋಟಿಸ್ ಫೋಲ್ಡರ್ ಕಾಣವಲ್ದಲ್ರಿ, ಹಳೇ ಕಂಪ್ಯೂಟರಿನ್ಯಾಗ ಐತಿ" ಅಂದರು. ಅವರ ಮುಂದೆ ತಲೆ ಎತ್ತೋಕಾಗಲಿಲ್ಲ ನನಗೆ. ಬಟನ್ ಬಣ್ಣ ತಪ್ಪಿದ ಹಾಗಲ್ಲ ಇದು. ಫೋಲ್ಡರ್ ಕಾಣದಿದ್ದರೆ ನೋಟಿಸೇ ಬಂದಿಲ್ಲ ಅಂದುಕೊಳ್ಳುತ್ತಾರೆ, ಉತ್ತರ ಕೊಡೋ ತಾರೀಖು ದಾಟಿಹೋಗುತ್ತೆ. ಕನ್ಸೋಲ್‌ನಲ್ಲಿ ಒಂದು ಎರರ್ ಕೂಡ ಇರಲಿಲ್ಲ.

ಕಾರಣ ಹುಡುಕಿದೆ. ಆಫೀಸಿನವರು ಹಳೆಯ ಫೋಲ್ಡರುಗಳನ್ನು ಹೊಸದಾಗಿ ಮಾಡಿದ ಫೋಲ್ಡರಿನ ಒಳಗೆ ಹಾಕುತ್ತಾರೆ. ಆಗ ಪಟ್ಟಿಯಲ್ಲಿ ಮಗು ಮೊದಲು ಬರುತ್ತೆ, ಪೇರೆಂಟ್ ಆಮೇಲೆ. ಇವರ ಕೋಡ್ ಪಟ್ಟಿಯನ್ನು ಒಂದೇ ಸಲ ಮೇಲಿಂದ ಕೆಳಗೆ ಓದುತ್ತಿತ್ತು. ಪೇರೆಂಟ್ ಇನ್ನೂ ಸಿಕ್ಕಿಲ್ಲ ಅಂದರೆ ಆ ಫೋಲ್ಡರನ್ನು ಸುಮ್ನೆ ಬಿಟ್ಟು ಮುಂದೆ ಹೋಗುತ್ತಿತ್ತು. ಅದಕ್ಕೆ ಅವರ ಉತ್ತರ: "ಸರ್, ನಿಮ್ಮ ಜೇಸನ್ ಆರ್ಡರ್ ಸರಿ ಇಲ್ಲ. ಸರಿ ಮಾಡಿ ಕಳಿಸಿ." ಪೇರೆಂಟ್ ಐಡಿ ಇರೋದೇ ಆರ್ಡರ್ ಹೇಗೇ ಇದ್ದರೂ ಟ್ರೀ ಕಟ್ಟೋಕೆ! ಎರಡು ಸಲ ಓದಿದರೆ ಮುಗೀತು. ಮೊದಲ ಸಲ ಎಲ್ಲ ಫೋಲ್ಡರುಗಳನ್ನೂ ಐಡಿ ಕೊಟ್ಟರೆ ಫೋಲ್ಡರ್ ಸಿಗೋ ಹಾಗೆ ಒಂದು ಮ್ಯಾಪ್‌ಗೆ ಹಾಕಿ. ಎರಡನೇ ಸಲ ಒಂದೊಂದನ್ನೂ ಅದರ ಪೇರೆಂಟ್‌ನ ಚಿಲ್ಡ್ರನ್ ಪಟ್ಟಿಗೆ ಸೇರಿಸಿ. ಪೇರೆಂಟ್ ಇಲ್ಲವೇ ಇಲ್ಲ ಅಂದರೆ ಅದನ್ನು ಮೇಲೆ ಬೇರೆಯಾಗಿ ತೋರಿಸಿ, ಎಸೆಯಬೇಡಿ. ಕೊನೆಗೆ ನಾನೇ ಕೂತು ಬರೆದೆ, ಈಗ ಅದೇ ಓಡುತ್ತಿದೆ.

ಬರೆಯುವಾಗ ಇನ್ನೊಂದು ಕಂಡಿತು. ಫೋಲ್ಡರಿನ ಹೆಸರನ್ನು ಇನ್ನರ್‌ಎಚ್‌ಟಿಎಂಎಲ್‌ಗೆ ನೇರವಾಗಿ ಸುರಿದಿದ್ದರು. ಯಾರಾದರೂ ಹೆಸರಿನಲ್ಲಿ ಟ್ಯಾಗ್ ಟೈಪ್ ಮಾಡಿದರೆ ಬ್ರೌಸರ್ ಅದನ್ನು ಪೇಜಿನ ಭಾಗ ಅಂತಲೇ ತೆಗೆದುಕೊಳ್ಳುತ್ತೆ, ಕೆಲವು ಟ್ಯಾಗ್‌ಗಳ ಮೂಲಕ ಕೋಡ್ ಕೂಡ ಓಡಿಸಬಹುದು. ಹೆಸರನ್ನು ಬರೀ ಅಕ್ಷರವಾಗಿ ತೋರಿಸೋ ಟೆಕ್ಸ್ಟ್‌ಕಂಟೆಂಟ್ ಬಳಸಬೇಕು ಅನ್ನೋದು ಕಲಿಯುವ ಹುಡುಗರಿಗೂ ಗೊತ್ತು. ಜನರ ತೆರಿಗೆ ಕಾಗದ ಇರೋ ಜಾಗ ಇದು.

ನೀವು ಮಾಡಿಸುತ್ತಿದ್ದರೆ ವಿಡಿಯೋ ನಂಬಬೇಡಿ. ಜೇಸನ್‌ನಲ್ಲಿ ಒಂದು ಹೆಸರು ಬದಲಿಸಿ, ನಿಮ್ಮ ಕಣ್ಣೆದುರೇ ರಿಫ್ರೆಶ್ ಮಾಡಿಸಿ. ಪಟ್ಟಿಯನ್ನು ತಲೆಕೆಳಗು ಮಾಡಿ ಕೊಡಿ. ಆಮೇಲೆ ಎಣಿಸಿ, ಇದೇ ಮುಖ್ಯ: ಜೇಸನ್‌ನಲ್ಲಿ ಎಷ್ಟು ಫೋಲ್ಡರ್ ಇದೆಯೋ ಟ್ರೀಯಲ್ಲೂ ಅಷ್ಟೇ ಇರಬೇಕು. ಎರಡು ಫೋಲ್ಡರುಗಳು ಒಂದಕ್ಕೊಂದು ಪೇರೆಂಟ್ ಆಗಿಬಿಟ್ಟಿದ್ದರೆ ಅವು ಮೇಲಿನ ಫೋಲ್ಡರಿಗೆ ಸೇರುವುದೇ ಇಲ್ಲ, ಎರರ್ ಕೂಡ ಬರದೆ ಮಾಯವಾಗುತ್ತವೆ. ಎಣಿಸಿದರೆ ಮಾತ್ರ ಗೊತ್ತಾಗೋದು. ಲೆಕ್ಕ ಸರಿಬಂದ ಮೇಲೆ ದುಡ್ಡು ಹಾಕಿ.

ಕೊನೆಯ ಕಂತು ನಾನು ಕೊಟ್ಟಿಲ್ಲ, ಕೊಡೋದೂ ಇಲ್ಲ. ಡೆಮೊಗೆ ಅಂತ ತೆಗೆದುಕೊಂಡ 4,500 ವಾಪಸ್ ಕೇಳಿದ್ದೇನೆ. ಮೆಸೇಜ್ ಓದಿದ್ದಾರೆ, ಉತ್ತರ ಬಂದಿಲ್ಲ. ಆದರೆ ಸ್ಟೇಟಸ್‌ನಲ್ಲಿ ಅದೇ ಟ್ರೀಯ ವಿಡಿಯೋ ಹಾಕಿಕೊಂಡು ಹೊಸ ಗಿರಾಕಿ ಹುಡುಕುತ್ತಿದ್ದಾರೆ. ಇಷ್ಟೆಲ್ಲ ಬರೆದಿದ್ದು ಅದಕ್ಕೇ.