ಬೀದರಿನ ‘ಸೆವೆನ್ ಪಾಯಿಂಟ್’ ಆಟೊ: ಅರ್ಧ ದಿನಕ್ಕೆ ಸಾಕು

ಬೀದರ್ ರೈಲು ನಿಲ್ದಾಣದ ಹೊರಗೆ ನಮಗೆ ಸಿಕ್ಕ ಆಟೊದವರು ಏಳು ಹೆಸರುಗಳನ್ನು ಮಗ್ಗಿಯಂತೆ ಒಂದೇ ಉಸಿರಿನಲ್ಲಿ ಒಪ್ಪಿಸಿದರು: ಕೋಟೆ, ಮದರಸಾ, ಚೌಬಾರಾ, ಗುರುದ್ವಾರ, ನರಸಿಂಹ ಝರಣಿ, ಅಷ್ಟೂರು, ಪಾಪನಾಶ. ಅವರ ಮಾತಿನಲ್ಲಿ ಇದು ‘ಸೆವೆನ್ ಪಾಯಿಂಟ್’. ಸಂಜೆಯವರೆಗೆ ಆಟೊ ನಮ್ಮದೇ, ಕಾಯುವುದಕ್ಕೆ ಬೇರೆ ಹಣವಿಲ್ಲ, ಒಟ್ಟು 1,200 ರೂಪಾಯಿ ಎಂದು ಮಾತಾಯಿತು. ಕಲಬುರಗಿಯಿಂದ ನಾನು ಮತ್ತು ನನ್ನ ಸೋದರಮಾವ ಹೋಗಿದ್ದೆವು. 2017ರಲ್ಲಿ ಕಲಬುರಗಿ–ಬೀದರ್ ರೈಲು ಮಾರ್ಗ ಪೂರ್ತಿಯಾದ ಮೇಲೆ ಈ ಪಯಣ ಸುಲಭವಾಗಿದೆ. ಆದರೂ ನಮ್ಮ ಕಡೆಯವರು ಬೀದರಿಗೆ ಮದುವೆಗೋ ಕಚೇರಿ ಕೆಲಸಕ್ಕೋ ಹೋಗಿ ಬರುತ್ತಾರೆಯೇ ಹೊರತು ಊರು ನೋಡಲೆಂದು ಹೋಗುವುದು ಕಡಿಮೆ. ಮಾವನವರಿಗೆ ಮೊಣಕಾಲು ನೋವು ಇರುವುದರಿಂದ ನಡೆದೇ ಸುತ್ತುವುದು ಆಗದ ಮಾತಾಗಿತ್ತು. ಹಾಗಾಗಿ ಈ ಸೇವೆಯನ್ನು ಪೂರ್ತಿಯಾಗಿ ಬಳಸಿ ನೋಡುವ ಅವಕಾಶ ಸಿಕ್ಕಿತು.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ಊರ ಗೋಡೆಯ ಹೊರಗಿನ ಜಾಗಗಳಿಗೆ ಈ ಆಟೊ ಅತ್ಯಂತ ಅನುಕೂಲ. ಅಷ್ಟೂರಿನ ಬಹಮನಿ ಗೋರಿಗಳು ಊರಿನಿಂದ ಪೂರ್ವಕ್ಕೆ ಹೊಲಗಳ ನಡುವೆ ಇವೆ. ದಾರಿಯಲ್ಲಿ ಎಡತಾಕುವ, ಚೌಖಂಡಿ ಎಂಬ ಎಂಟು ಮೂಲೆಯ ಗೋರಿಯ ಮುಂದೆ ಚಾಲಕ ನಾವು ಕೇಳುವ ಮೊದಲೇ ಆಟೊ ನಿಲ್ಲಿಸಿದ. 1422ರಿಂದ 1436ರವರೆಗೆ ಆಳಿದ, ಕಲಬುರಗಿಯಲ್ಲಿದ್ದ ಗಾದಿಯನ್ನು ಬೀದರಿಗೆ ಸಾಗಿಸಿದ ಅಹಮದ್ ಶಾಹ್ ವಲಿಯ ಗೋರಿ ಒಳಗೆ ಬಹಳ ಕತ್ತಲೆಯಾಗಿದೆ. ಅಲ್ಲಿದ್ದ ಹಿರಿಯರೊಬ್ಬರು ಬಾಗಿಲ ಬಳಿ ಕನ್ನಡಿ ಹಿಡಿದು ಬಿಸಿಲನ್ನು ಮೇಲಕ್ಕೆ ಹಾಯಿಸಿದಾಗ ಗುಮ್ಮಟದ ಒಳಮೈಯ ಬಂಗಾರದ ಅಕ್ಷರಗಳೂ ಕೆಂಪು ನೀಲಿ ಬಳ್ಳಿಗಳೂ ಒಂದೊಂದಾಗಿ ಎದ್ದು ಬಂದವು, ಮತ್ತು ಆ ಅರ್ಧ ಗಂಟೆಯ ಹೊತ್ತು ಚಾಲಕ ಒಮ್ಮೆಯೂ ಹಾರ್ನ್ ಹೊಡೆಯಲಿಲ್ಲ. ಇಲ್ಲಿಯ ಉರುಸಿಗೆ ನಮ್ಮ ಕಲಬುರಗಿ ಜಿಲ್ಲೆಯ ಮಾಡಿಯಾಳದ ಜಂಗಮರು ಬರುತ್ತಾರೆ, ಸುಲ್ತಾನನನ್ನು ಅಲ್ಲಮಪ್ರಭುವಿನ ಹೆಸರಿನಲ್ಲಿ ನೆನೆಯುವ ಭಕ್ತರಿದ್ದಾರೆ. ರಾಜಧಾನಿ ಕಸಿದುಕೊಂಡವನ ಗೋರಿಗೆ ನಮ್ಮವರೇ ಹೋಗಿ ಶಂಖ ಊದುವುದನ್ನು ನೆನೆದು ಮಾವನವರು ಗೋರಿಯ ಬಾಗಿಲಲ್ಲೇ ನಕ್ಕರು.

ಗುರುದ್ವಾರದಲ್ಲಿಯೂ ಚಾಲಕನ ತಿಳಿವಳಿಕೆ ನೆರವಿಗೆ ಬಂತು. ಚಪ್ಪಲಿ ಎಲ್ಲಿ ಬಿಡಬೇಕು, ತಲೆಗೆ ಬಟ್ಟೆ ಎಲ್ಲಿ ಸಿಗುತ್ತದೆ, ಲಂಗರಿನ, ಅಂದರೆ ಉಚಿತ ಊಟದ, ಸಾಲು ಯಾವ ಕಡೆಯಿಂದ ಎಂಬುದನ್ನೆಲ್ಲ ಮೊದಲೇ ಹೇಳಿ ಕಳಿಸಿದ. ಗುರುನಾನಕರು ಪಾದ ತಾಗಿಸಿ ಕಲ್ಲು ಸರಿಸಿದಾಗ ಸಿಹಿನೀರಿನ ಸೆಲೆ ಚಿಮ್ಮಿತೆಂಬ ನಂಬಿಕೆಯ ಝೀರಾ ಇಲ್ಲಿದೆ. ಈಗಿನ ಗುರುದ್ವಾರ ಕಟ್ಟಿದ್ದು 1948ರಲ್ಲಿ. ನಾವು ಉಂಡ ರೊಟ್ಟಿ ಮತ್ತು ಬೇಳೆಯ ಬಗ್ಗೆ ದೂರು ಏನೂ ಇಲ್ಲ.

ನರಸಿಂಹ ಝರಣಿಯಲ್ಲಿ ಮಾತ್ರ ಸೇವೆಯ ಮೊದಲ ಕೊರತೆ ಕಂಡಿತು. ಅಲ್ಲಿ ದೇವರನ್ನು ನೋಡಬೇಕಾದರೆ ಗುಹೆಯೊಳಗೆ ಎದೆಮಟ್ಟದ ನೀರಿನಲ್ಲಿ ನಡೆಯಬೇಕು. ಬದಲು ಬಟ್ಟೆ ತರಬೇಕೆಂಬುದನ್ನು ಹೊರಡುವಾಗಲೇ ಹೇಳಬೇಕಿತ್ತು. ಬಾಗಿಲವರೆಗೆ ಹೋಗಿ, ಒದ್ದೆ ಮೈಯಲ್ಲಿ ಹೊರಬರುತ್ತಿದ್ದವರಿಗೆ ಕೈಮುಗಿದು ಮರಳಿದೆವು. ಪಾಪನಾಶದ ಶಿವನ ಗುಡಿಯಲ್ಲಿ ಹತ್ತು ನಿಮಿಷ ಸಾಕಾಯಿತು.

ಇನ್ನು ಕೋಟೆಯ ವಿಷಯ. ಪಟ್ಟಿಯಲ್ಲಿ ಕೋಟೆಗೆ ಇಟ್ಟಿದ್ದ ವೇಳೆ ಮುಕ್ಕಾಲು ಗಂಟೆ. ಕೆಂಪು ಜಂಬಿಟ್ಟಿಗೆಯ ನೆಲವನ್ನೇ ಕಡಿದು ಮಾಡಿದ ಮೂರು ಸುತ್ತಿನ ಕಂದಕವನ್ನು ದಾಟುವುದರಲ್ಲಿಯೇ ಮಾವನವರ ಕಾಲಿಗೆ ಹದಿನೈದು ನಿಮಿಷ ಬೇಕಾಯಿತು. ಹದಿನಾರು ಕಂಬಗಳಿಂದ ಹೆಸರು ಪಡೆದ ಸೋಲಾ ಖಂಬಾ ಮಸೀದಿಯನ್ನು ನೋಡಿದೆವು. ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ರಂಗೀನ್ ಮಹಲಿಗೆ ಆ ದಿನ ಬೀಗ ಬಿದ್ದಿತ್ತು. ಯಾರನ್ನು ಕೇಳಿದರೆ ತೆಗೆಯುತ್ತಾರೆ ಎಂಬುದು ಚಾಲಕನಿಗೆ ಗೊತ್ತಿರಲಿಲ್ಲ, ಕೇಳಿಕೊಂಡು ಬರುವ ಉತ್ಸಾಹವೂ ಇರಲಿಲ್ಲ. ಮದರಸಾಕ್ಕೆ ಸಿಕ್ಕಿದ್ದು ಇನ್ನೂ ಕಡಿಮೆ. ಪರ್ಷಿಯಾದ ಗಿಲಾನಿನಿಂದ ಬಂದು ಬಹಮನಿಗಳ ವಜೀರನಾದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮೂರು ಅಂತಸ್ತಿನ ವಿದ್ಯಾಲಯವಿದು. 1696ರ ಮದ್ದಿನ ಸ್ಫೋಟದಲ್ಲಿ ಮುಂಭಾಗದ ಒಂದು ಪಾಲು ಹಾರಿಹೋಗಿ, ಈಗ ಒಂದೇ ಮಿನಾರು ಉಳಿದಿದೆ. ಅದರ ಮೈಮೇಲೆ ಅಂಕುಡೊಂಕಾಗಿ ಏರುವ ಬಣ್ಣದ ಹೆಂಚುಗಳನ್ನು ನೋಡಲು ಕತ್ತು ಎತ್ತಿದ್ದೆವಷ್ಟೇ, ರಸ್ತೆಯಿಂದ ಆಟೊ ಕೂಗಿತು.

ನಿಜವಾದ ತಕರಾರು ಚೌಬಾರಾದಲ್ಲಿ ಹುಟ್ಟಿತು. ಆಟೊವನ್ನು ನಿಲ್ಲಿಸದೆಯೇ ಚಾಲಕ ಬೆರಳು ತೋರಿಸಿ, “ಇದೇ ಚೌಬಾರಾ ನೋಡ್ರಿ ಸರ” ಎಂದ. ಪಟ್ಟಿಯ ಒಂದು ಪಾಯಿಂಟ್ ಅಲ್ಲಿಗೆ ಮುಗಿಯಿತು. ಇಲ್ಲಿಂದ ಹಳೆ ಊರಿನ ಒಳಗೆ ಸ್ವಲ್ಪ ಹೋಗೋಣ ಎಂದಾಗ ಅವನು ನಿಜವಾಗಿಯೂ ಅಚ್ಚರಿಪಟ್ಟು, “ಅಲ್ಲೇನದರಿ ಸರ, ಬರೀ ಗಲ್ಲಿ ಅವ” ಎಂದ. ಅವನಲ್ಲಿ ಮೋಸವಿರಲಿಲ್ಲ. ಅವನು ಹುಟ್ಟಿ ಬೆಳೆದ ಗಲ್ಲಿಗಳು ಅವು. ಅವನ್ನು ನೋಡಲು ಹಣ ಕೊಟ್ಟು ಬರುವವರಿದ್ದಾರೆ ಎಂಬುದು ಅವನ ಲೆಕ್ಕದಲ್ಲಿ ಬಂದಿರಲಿಲ್ಲ. ಆದರೆ ಬೀದರನ್ನು ಉಳಿದ ಕೋಟೆ ಊರುಗಳಿಂದ ಬೇರೆ ಮಾಡುವುದು ಆ ಗಲ್ಲಿಗಳೇ, ಮತ್ತು ‘ಸೆವೆನ್ ಪಾಯಿಂಟ್’ ಕೈಬಿಟ್ಟಿರುವುದೂ ಅವನ್ನೇ. ಹೊರಗಿನ ಸುತ್ತು ಮುಗಿಸಿ ಮಧ್ಯಾಹ್ನ ಮತ್ತೆ ಚೌಬಾರಾಕ್ಕೆ ಬಂದು ಇಳಿದು, ಪೂರ್ತಿ ಬಾಡಿಗೆ ಕೊಟ್ಟು, ಆಟೊವನ್ನು ಕಳಿಸಿಬಿಟ್ಟೆವು.

ಚೌಬಾರಾ ಎಂದರೆ ಊರ ನಡುವಿನ ದುಂಡನೆಯ ಕಾವಲು ಗೋಪುರ, ಎತ್ತರ ಸುಮಾರು 71 ಅಡಿ. ಊರಿನ ಎರಡು ಹಿರಿಯ ರಸ್ತೆಗಳು ಇದರ ಬುಡದಲ್ಲಿ ಒಂದನ್ನೊಂದು ದಾಟುತ್ತವೆ. ಹೀಗೆ ಗೋಡೆಯೊಳಗಿನ ಊರು ನಾಲ್ಕು ಪಾಲಾಗಿದೆ. ಒಂದೊಂದು ಪಾಲಿಗೂ ಒಂದು ತಾಲೀಮು, ಅಂದರೆ ಗರಡಿಮನೆ, ಇತ್ತು. ಗರಡಿಗಳ ಸದ್ದು ಅಡಗಿದರೂ ಸಿದ್ದೀಕ್ ಶಾಹ್ ತಾಲೀಮ್, ನೂರ್ ಖಾನ್ ತಾಲೀಮ್, ಮಣಿಯಾರ್ ತಾಲೀಮ್, ಪನ್ಸಾಲ್ ತಾಲೀಮ್ ಎಂದು ಜನ ಇಂದಿಗೂ ವಿಳಾಸ ಹೇಳುತ್ತಾರೆ. ಮಣಿಯಾರ ಎಂದರೆ ಬಳೆಗಾರ. ನಾವು ದಾರಿ ಕೇಳಿದ ಚಹಾದಂಗಡಿಯವರು ರಸ್ತೆಯ ಹೆಸರನ್ನು ಹೇಳದೆ “ಯಾವ ತಾಲೀಮ್ ಕಡಿ ಹೋಗೋದದರಿ?” ಎಂದು ಮರುಪ್ರಶ್ನೆ ಹಾಕಿದರು. ನಕಾಶೆ ನೋಡಿ ಊರು ತಿರುಗುವವರು ಈ ನಾಲ್ಕು ಹೆಸರುಗಳನ್ನು ಮೊದಲು ಬಾಯಿಪಾಠ ಮಾಡಿಕೊಂಡರೆ ಸಾಕು, ದಾರಿ ತಪ್ಪುವುದಿಲ್ಲ.

ಚೌಬಾರಾದಿಂದ ಮದರಸಾ ದಾಟಿ ಕೋಟೆಯ ಕಡೆ ಹೋಗುವ ರಸ್ತೆ ಬಿದ್ರಿ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ, ಕೆಲಸದವರದು. ಆಟೊದಲ್ಲಿ ಕುಳಿತು ಹೋಗುವಾಗ ಕಾಣುವುದು ಗಾಜಿನ ಕಪಾಟುಗಳು ಮಾತ್ರ. ನಡೆದು ಹೋದರೆ ಅಂಗಡಿಯ ಹಿಂದೆ ಉಳಿ ಬಡಿಯುವ ಸದ್ದು ಕಿವಿಗೆ ಬೀಳುತ್ತದೆ. ನಾವು ಕುಳಿತ ಅಂಗಡಿಯಲ್ಲಿ ಕುಶಲಕರ್ಮಿಯೊಬ್ಬರು ಬೆಳ್ಳಿಯ ತಂತಿಯನ್ನು ಹೂವಿನ ಎಸಳಿನ ಗೀರಿನೊಳಗೆ ಕೂರಿಸಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಿದ್ದರು. ಪಾತ್ರೆಯ ಮೈ ಸತುವಿನದು, ಹದಕ್ಕೆ ಸ್ವಲ್ಪ ತಾಮ್ರ ಸೇರಿಸಿರುತ್ತಾರೆ. ಎರಕ ಹೊಯ್ದು, ಅರ ಹಾಕಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ಕಪ್ಪೇರಿಸಿದ ಮೇಲೆ ಚಿತ್ರ ಗೀಚುತ್ತಾರೆ. ಆ ಕಪ್ಪು ತಾತ್ಕಾಲಿಕವಾದದ್ದು, ಗೀರು ಕಣ್ಣಿಗೆ ಕಾಣಲಿ ಎಂಬುದಕ್ಕಷ್ಟೇ. ಕೊನೆಯಲ್ಲಿ ಕೋಟೆಯ ಹಳೆ ಕಟ್ಟಡಗಳ ಒಳಗಿನ, ಮಳೆ ಬಿಸಿಲು ಕಾಣದ ಮಣ್ಣಿಗೆ ನವಸಾಗರ ಬೆರೆಸಿ ಬಿಸಿ ಪಾತ್ರೆಗೆ ತಿಕ್ಕಿದಾಗ ಸತುವು ಗಾಢವಾಗಿ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೆಯೇ ಉಳಿಯುತ್ತದೆ. ಮಣ್ಣು ಸರಿಯಾದದ್ದೋ ಅಲ್ಲವೋ ಎಂಬುದನ್ನು ನಾಲಿಗೆಗೆ ಹಚ್ಚಿ ನೋಡಿ ತಿಳಿಯುತ್ತಾರೆ. 2006ರಲ್ಲಿ ಬಿದ್ರಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. 2023ರಲ್ಲಿ ಇದೇ ಊರಿನ ಶಾಹ್ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು.

ನಾನು ಕೊಂಡದ್ದು ಅಡಕೆ ಇಡುವಷ್ಟು ದೊಡ್ಡ ಒಂದು ಡಬ್ಬಿ, ಚೌಕಾಸಿ ಮಾಡಿ 850 ರೂಪಾಯಿ. ಮೊದಲ ಅಂಗಡಿಯಲ್ಲಿ ಇದಕ್ಕಿಂತ ಅಗ್ಗದ, ಮೇಲ್ಮೈಗೆ ಬಣ್ಣ ಹಚ್ಚಿದಂತೆ ಕಾಣುವ ಸರಕನ್ನೂ ಬಿದ್ರಿ ಎಂದೇ ತೋರಿಸಿದ್ದರು. ತೂಕ ನೋಡುವುದು, ತಂತಿಯ ಅಂಚಿನ ಮೇಲೆ ಉಗುರು ಆಡಿಸುವುದು ಎರಡೂ ಅವಶ್ಯ. ಕೆಲಸ ನಡೆಯುವುದನ್ನು ಕಣ್ಣಾರೆ ತೋರಿಸುವ ಅಂಗಡಿಯಲ್ಲಿ ಕೊಂಡರೆ ಇಂಥ ಅನುಮಾನವೇ ಇರುವುದಿಲ್ಲ, ಮತ್ತು ಅಂಥ ಅಂಗಡಿಗೆ ಆಟೊದವರು ಕರೆದೊಯ್ಯುವುದಕ್ಕಿಂತ ನೀವೇ ಕಾಲ್ನಡಿಗೆಯಲ್ಲಿ ಹೋಗಿ ಸೇರುವುದು ಒಳ್ಳೆಯದು. ಕಪ್ಪು ಮಂಕಾದರೆ ಕೊಬ್ಬರಿ ಎಣ್ಣೆ ಸವರಿ ಒರೆಸಿರಿ ಎಂದು ಡಬ್ಬಿ ಕೊಟ್ಟ ಅಂಗಡಿಯವರೇ ಹೇಳಿ ಕಳಿಸಿದರು.

ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ಶಾಹ್‌ಗಂಜ್ ದರ್ವಾಜಾದ ಕಡೆ ನಡೆದಂತೆ ಊರಿನ ದನಿಯೇ ಬೇರೆಯಾಯಿತು. ಒಳ ಓಣಿಗಳಲ್ಲಿ ದಖನಿ ಮಾತು, ಕೆಂಪು ಕಲ್ಲಿನ ಕಟ್ಟೆಗಳು, ಬಾಗಿಲಿಗೆ ಇಳಿಬಿಟ್ಟ ಪರದೆಗಳು. ದರ್ವಾಜಾ ದಾಟಿ ಉಸ್ಮಾನ್‌ಗಂಜ್ ಸೇರಿದರೆ ಬಟ್ಟೆ, ಕಿರಾಣಿ, ಪಾತ್ರೆ ಅಂಗಡಿಗಳ ಮುಂದೆ ಕನ್ನಡ, ಮರಾಠಿ, ತೆಲುಗು ಒಂದರ ಮೇಲೊಂದು ಬೀಳುತ್ತವೆ. ಒಬ್ಬನೇ ವ್ಯಾಪಾರಿ ಮೂರು ಗಿರಾಕಿಗಳಿಗೆ ಮೂರು ಭಾಷೆಯಲ್ಲಿ ಒಂದೇ ಬೆಲೆ ಹೇಳುವುದನ್ನು ಕೇಳಿ, ಮೂವತ್ತು ವರ್ಷ ಶಾಲೆಯಲ್ಲಿ ವ್ಯಾಕರಣ ಕಲಿಸಿದ ಮಾವನವರು ಅಂಗಡಿಯ ಮುಂದೆಯೇ ನಿಂತುಬಿಟ್ಟರು. ಮಂಗಲಪೇಟೆಯ ಮೆಥೋಡಿಸ್ಟ್ ಚರ್ಚಿನ ಸುತ್ತಲಿನ ಭಾಗವನ್ನೂ ಹೀಗೆಯೇ ನಡೆದು ನೋಡಬೇಕೆಂದಿತ್ತು. ಬೆಳಿಗ್ಗೆ ಆಟೊ ಅದರ ಪಕ್ಕದಲ್ಲೇ ಸಾಗಿದರೂ ಚಾಲಕ ಒಂದು ಮಾತೂ ಹೇಳಿರಲಿಲ್ಲ. ಸಂಜೆ ಮಾವನವರ ಮೊಣಕಾಲು ಸಾಕು ಎಂದಿತು.

ಒಂದು ಸೇರ್ಪಡೆ ಅಗತ್ಯ. ಬಹಮನಿ ಕಾಲದಲ್ಲಿ ಪರ್ಷಿಯಾದ ಮಾದರಿಯಲ್ಲಿ ನೆಲದಡಿ ಕೊರೆದು ನೀರು ಹರಿಸಿದ ಕಾಲುವೆ ನೌಬಾದಿನಲ್ಲಿದೆ. ಸುರಂಗ ಬಾವಿ ಎಂದು ಕೇಳಿದರೆ ತೋರಿಸುತ್ತಾರೆ. ಸಾಲಾಗಿ ತೋಡಿದ ಬಾವಿಯಂಥ ಕಂಡಿಗಳಲ್ಲಿ ಬಗ್ಗಿ ನೋಡಿದರೆ ಕೆಳಗೆ ಕಾಲುವೆಯ ದಾರಿ ಕಾಣುತ್ತದೆ. ಪಟ್ಟಿಯಲ್ಲಿ ಇದಿಲ್ಲ, ಬೆಳಿಗ್ಗೆ ನಾವೇ ಕೇಳಿ 150 ರೂಪಾಯಿ ಹೆಚ್ಚು ಕೊಟ್ಟು ಹೋಗಿದ್ದೆವು. ಪಾಪನಾಶದ ಬದಲು ಇದನ್ನೇ ಪಟ್ಟಿಗೆ ಸೇರಿಸಿದ್ದರೆ ಏನೂ ನಷ್ಟವಿರಲಿಲ್ಲ ಎಂದು ನನ್ನ ಅಭಿಪ್ರಾಯ. ಭಕ್ತರು ಒಪ್ಪಲಿಕ್ಕಿಲ್ಲ.

ಹೋಗುವವರು ಮಾತನ್ನು ಹೀಗೆ ಕುದುರಿಸಿಕೊಳ್ಳಬಹುದು: ಬೆಳಿಗ್ಗೆ ಮೊದಲು ಅಷ್ಟೂರು, ಆಮೇಲೆ ಝರಣಿ, ನೌಬಾದ್, ಊಟಕ್ಕೆ ಗುರುದ್ವಾರ, ಕೊನೆಗೆ ಕೋಟೆಯ ಬಾಗಿಲಲ್ಲಿ ಇಳಿಸಿ ಆಟೊ ಹೋಗಬೇಕು. ಇಷ್ಟಕ್ಕೆ 700ರಿಂದ 800 ರೂಪಾಯಿಗೆ ಬರುವುದಾಗಿ ಮರಳುವಾಗ ನಿಲ್ದಾಣದಲ್ಲಿ ಇನ್ನೊಬ್ಬ ಚಾಲಕರು ಒಪ್ಪಿಕೊಂಡರು. ಕೋಟೆಯಿಂದ ಮದರಸಾ, ಅಲ್ಲಿಂದ ಚೌಬಾರಾ, ಅಲ್ಲಿಂದ ಶಾಹ್‌ಗಂಜ್ ಎಲ್ಲವೂ ಒಂದೇ ಸಾಲಿನ ನಡಿಗೆ. ನಡುನಡುವೆ ಚಹಾ ಕುಡಿಯಲು ಕೂರುತ್ತಾ ಹೋದರೆ ಮೊಣಕಾಲು ನೋವಿನವರಿಗೂ ಆಗುತ್ತದೆ. ರಂಗೀನ್ ಮಹಲನ್ನು ತೆರೆಸಲು ಸಾಧ್ಯವೇ ಎಂಬುದನ್ನು ಕೋಟೆಯ ಒಳಗೆ ಕಾಲಿಟ್ಟ ಕೂಡಲೇ, ಅಲ್ಲಿಯ ಸಿಬ್ಬಂದಿಯನ್ನೇ ಕೇಳಿಕೊಳ್ಳಿರಿ.