ಹಳೇ ಎಲ್‌ಬಿಪಿ 2900ಬಿ, ಹೊಸ ವಿಂಡೋಸ್ 11: ಗುಜರಿಗೆ ಹಾಕುವ ಮೊದಲು

ಮೊದಲೇ ಹೇಳಿಬಿಡುತ್ತೇನೆ. ಕ್ಯಾನನ್ ಎಲ್‌ಬಿಪಿ 2900ಬಿ ಪ್ರಿಂಟರ್ ಹೊಸ ವಿಂಡೋಸ್ 11 ಲ್ಯಾಪ್‌ಟಾಪ್‌ಗೆ ಹೊಂದಿಕೊಳ್ಳುತ್ತದೆ. ನಮ್ಮ ಅಂಗಡಿಯಲ್ಲಿ ಈಗ ದಿನಾ ಅದರಲ್ಲೇ ಕೆಲಸ. ಆದರೆ ಸುಮ್ನೆ ವೈರ್ ಚುಚ್ಚಿದ ಕೂಡಲೇ ಕೆಲಸ ಮಾಡುತ್ತೆ ಅಂತ ತಿಳಿದುಕೊಂಡರೆ ಒಂದು ಸಂಜೆ ಹಾಳು. ಆ ಸಂಜೆ ಉಳಿಸಿಕೊಳ್ಳಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿಯಲ್ಲಿ ಸಣ್ಣ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ. ಅರ್ಜಿ, ಅಫಿಡವಿಟ್, ಬಾಡಿಗೆ ಕರಾರು, ಪಹಣಿ ಪ್ರಿಂಟು, ಮದುವೆ ಸೀಸನ್‌ನಲ್ಲಿ ಬಯೋಡೇಟಾ. ಈ ಪ್ರಿಂಟರ್ ಕೊಂಡದ್ದು 2009ರಲ್ಲಿ. ಅವತ್ತಿನಿಂದ ಇಲ್ಲಿಯವರೆಗೆ ಕಂಪ್ಯೂಟರ್ ಬದಲಾಗಿದೆ, ಟೇಬಲ್ ಬದಲಾಗಿದೆ, ಅಂಗಡಿಯ ಬಾಗಿಲೇ ಬದಲಾಗಿದೆ. ಇದೊಂದು ಹಾಗೇ ಇದೆ.

ಹಳೇ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ 10 ಇತ್ತು. ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತಲ್ಲ, ಮೇಲೆ ಮದರ್‌ಬೋರ್ಡ್ ಕೂಡ ಆಗಾಗ ಹಠ ಮಾಡುತ್ತಿತ್ತು. ಸರಿ ಅಂತ ಶಿವಮೊಗ್ಗದಲ್ಲಿ ಲ್ಯಾಪ್‌ಟಾಪ್ ತೆಗೆದುಕೊಂಡೆವು. ಬಿಲ್ ಮಾಡುವಾಗ ಅಂಗಡಿಯವರು ಕೇಳಿದರು, "ಮೇಡಂ, ಪ್ರಿಂಟರ್ ಯಾವುದು?" ಹೇಳಿದೆ. ಅವರು ನಕ್ಕರು. "ಅಯ್ಯೋ ಅದಾ? ಹನ್ನೊಂದಕ್ಕೆ ಅದು ಆಗೋದೇ ಇಲ್ಲ. ಗುಜರಿಗೆ ಹಾಕಿ. ಹೊಸ ಟ್ಯಾಂಕ್ ಪ್ರಿಂಟರ್ ಕೊಡ್ತೀನಿ, ಹದಿನಾಲ್ಕು ಸಾವಿರ." ಮಾರುವವರು ಮಾರಲಿ, ಅದು ಅವರ ಹೊಟ್ಟೆಪಾಡು. ಆದರೆ ಡ್ರೈವರ್, ಅಂದರೆ ಪ್ರಿಂಟರ್ ಜೊತೆ ಮಾತಾಡಲಿಕ್ಕೆ ಕಂಪ್ಯೂಟರ್‌ಗೆ ಬೇಕಾದ ಸಾಫ್ಟ್‌ವೇರ್, ಇದೆಯಾ ಇಲ್ಲವಾ ಅಂತ ಒಂದು ನಿಮಿಷ ನೋಡಿ ಹೇಳಬಹುದಿತ್ತು, ಅಲ್ವಾ?

ಮನೆಗೆ ಬಂದ ಮೇಲೆ ನನ್ನ ತಮ್ಮನ ಮಗ ಕೂತ. ಪಾಲಿಟೆಕ್ನಿಕ್ ಓದುವ ಹುಡುಗ, ಕೈ ಬಲು ಚುರುಕು. ಲ್ಯಾಪ್‌ಟಾಪ್ ಆನ್ ಮಾಡಿದವನೇ ಪ್ರಿಂಟರ್ ವೈರ್ ತಂದು ಚುಚ್ಚಿದ. ಟಿಣ್ ಅಂತ ಶಬ್ದ ಬಂತು. "ಬಂತು ನೋಡಿ ಅತ್ತೆ" ಅಂದ. ಬಂದದ್ದು ಪ್ರಿಂಟರ್ ಅಲ್ಲ. ಜೋಡಿಸಿದ ಸಾಮಾನುಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆಗೆದರೆ "ಕ್ಯಾನನ್ ಕ್ಯಾಪ್ಟ್ ಯುಎಸ್‌ಬಿ ಡಿವೈಸ್" ಅಂತ ಒಂದು ಹೆಸರು, ಪಕ್ಕದಲ್ಲಿ ಹಳದಿ ಗುರುತು. ಪ್ರಿಂಟರ್‌ಗಳ ಪಟ್ಟಿಯಲ್ಲಿ ಮಾತ್ರ ಏನೂ ಇಲ್ಲ.

ಇಲ್ಲಿಯೇ ಜಾಸ್ತಿ ಜನ ಕೈಚೆಲ್ಲುವುದು. ಈ ಪ್ರಿಂಟರ್ ಯಾಕೆ ಹೀಗೆ ಅಂತ ಗೊತ್ತಾದರೆ ಉಳಿದದ್ದು ಸುಲಭ.

ದೊಡ್ಡ ಲೇಸರ್ ಪ್ರಿಂಟರ್‌ಗಳಿಗೆ ಪಿಸಿಎಲ್, ಪೋಸ್ಟ್‌ಸ್ಕ್ರಿಪ್ಟ್ ಅಂತ ತಮ್ಮದೇ ಭಾಷೆ ಇರುತ್ತದೆ. ಕಂಪ್ಯೂಟರ್ ಆ ಭಾಷೆಯಲ್ಲಿ ಹೇಳಿದರೆ ಸಾಕು, ಪುಟ ಹೇಗೆ ಬರಬೇಕು ಅಂತ ಪ್ರಿಂಟರ್ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. 2900ರಲ್ಲಿ ಅದಿಲ್ಲ. ಒಳಗಿರುವ ಮೆಮೊರಿ ಬರೀ 2 ಎಂಬಿ. ಪುಟದ ಚುಕ್ಕಿ ಚುಕ್ಕಿಯೂ ಕಂಪ್ಯೂಟರ್‌ನಲ್ಲೇ ತಯಾರಾಗಿ ಬರಬೇಕು. ಅಡುಗೆಯೆಲ್ಲ ಅಲ್ಲಿ, ಬಡಿಸುವುದು ಮಾತ್ರ ಇಲ್ಲಿ. ಈ ವ್ಯವಸ್ಥೆಗೇ ಕ್ಯಾನನ್‌ನವರು ಕ್ಯಾಪ್ಟ್ ಅಂತ ಹೆಸರಿಟ್ಟಿರುವುದು. ಹಾಗಾಗಿ ಇದಕ್ಕೆ ಇದರದ್ದೇ ಡ್ರೈವರ್ ಬೇಕು. ವಿಂಡೋಸ್ ಜೊತೆ ಬರುವ ಯಾವುದೋ ಸಾಮಾನ್ಯ ಡ್ರೈವರ್ ಆರಿಸಿದರೆ ನಡೆಯುವುದಿಲ್ಲ. ಹುಡುಗ ಅದನ್ನೂ ಮಾಡಿ ನೋಡಿದ. ಪ್ರಿಂಟ್ ಕೊಟ್ಟರೆ ಕಂಪ್ಯೂಟರ್ "ಕಳಿಸಿದ್ದೇನೆ" ಅನ್ನುತ್ತದೆ, ಪ್ರಿಂಟರ್ ಮಿಸುಕುವುದಿಲ್ಲ.

ಪ್ರಿಂಟರ್ ಜೊತೆ ಬಂದ ಸಿಡಿ ಇನ್ನೂ ಇಟ್ಟುಕೊಂಡಿದ್ದೇನೆ. ಅದು ಎಕ್ಸ್‌ಪಿ ಕಾಲದ್ದು. ಹೊಸ ಲ್ಯಾಪ್‌ಟಾಪ್‌ಗೆ ಸಿಡಿ ಹಾಕುವ ಜಾಗವೇ ಇಲ್ಲ. ಇದ್ದಿದ್ದರೂ ಉಪಯೋಗ ಇರಲಿಲ್ಲ. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ, 32 ಬಿಟ್ ಡ್ರೈವರ್ ಅದಕ್ಕೆ ಹತ್ತುವುದಿಲ್ಲ. ಕ್ಯಾನನ್ ವೆಬ್‌ಸೈಟ್‌ನಲ್ಲಿ 2900ಕ್ಕೆ ಎರಡೂ ಬಗೆಯ ಫೈಲ್ ಇವೆ. ನಾವು ಹಾಕಿದ್ದು 64 ಬಿಟ್‌ನದು, ಆರ್1.50 ಸರಣಿಯ 3.30 ಆವೃತ್ತಿ. ಫೈಲಿನ ಹೆಸರಿನಲ್ಲೇ "ಡಬ್ಲ್ಯೂ64" ಅಂತ ಇರುತ್ತದೆ, ಅದನ್ನು ನೋಡಿ ಇಳಿಸಿಕೊಳ್ಳಿ. ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಮೇಲೆ ಬರುವ "ಡ್ರೈವರ್ ಅಪ್‌ಡೇಟರ್" ಜಾಹೀರಾತುಗಳ ಕಡೆ ತಲೆ ಹಾಕಬೇಡಿ. ಪ್ರಿಂಟರ್ ಬರುವ ಮೊದಲು ಇನ್ನೇನೇನೋ ಬಂದು ಕೂರುತ್ತದೆ.

ಈಗ ಅಸಲು ವಿಷಯ. ವೈರ್ ಕೊನೆಗೆ ಚುಚ್ಚಬೇಕು. ಇಡೀ ರಹಸ್ಯ ಅಷ್ಟೇ.

ನಮ್ಮಲ್ಲಿ ಆಗಲೇ ಚುಚ್ಚಿ ಆಗಿತ್ತಲ್ಲ, ಅದಕ್ಕೆ ಮೊದಲು ಗುಡಿಸಬೇಕಾಯಿತು. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಹಳದಿ ಗುರುತಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಅನ್‌ಇನ್‌ಸ್ಟಾಲ್ ಕೊಟ್ಟೆವು. ಆಮೇಲೆ ಸೆಟ್ಟಿಂಗ್ಸ್‌ನ ಪ್ರಿಂಟರ್ಸ್ ಆ್ಯಂಡ್ ಸ್ಕ್ಯಾನರ್ಸ್ ಪುಟದಲ್ಲಿ ಕೆಳಗಡೆ "ಪ್ರಿಂಟ್ ಸರ್ವರ್ ಪ್ರಾಪರ್ಟೀಸ್" ಅಂತ ಇದೆ. ಅದರ ಡ್ರೈವರ್ಸ್ ಟ್ಯಾಬ್‌ನಲ್ಲಿ ಹುಡುಗ ಪ್ರಯೋಗಕ್ಕೆ ಹಾಕಿದ್ದನ್ನೆಲ್ಲ ತೆಗೆಸಿದೆ. ವೈರ್ ಕಿತ್ತು, ಪ್ರಿಂಟರ್ ಆಫ್ ಮಾಡಿ, ಲ್ಯಾಪ್‌ಟಾಪ್ ರೀಸ್ಟಾರ್ಟ್. ಇಳಿಸಿಕೊಂಡ ಫೈಲ್ ಬಿಚ್ಚಿ, ಒಳಗಿರುವ ಸೆಟಪ್ ಮೇಲೆ ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದೆವು. ಅದು ಯುಎಸ್‌ಬಿ ಮೂಲಕವೋ, ಪೋರ್ಟ್ ನೀವೇ ಆರಿಸುತ್ತೀರೋ ಅಂತ ಕೇಳುತ್ತದೆ. ಯುಎಸ್‌ಬಿ ಅನ್ನಿ. ಸ್ವಲ್ಪ ಹೊತ್ತಾದ ಮೇಲೆ, ಈಗ ವೈರ್ ಜೋಡಿಸಿ ಪ್ರಿಂಟರ್ ಆನ್ ಮಾಡಿ ಅಂತ ಒಂದು ಚಿತ್ರ ಬರುತ್ತದೆ. ಆಗ, ಆಗ ಮಾತ್ರ, ಚುಚ್ಚಿ.

ಚುಚ್ಚಿದೆವು. ಚಿತ್ರ ಹಾಗೇ ನಿಂತಿತ್ತು. ಪ್ರಿಂಟರ್ ಕಾಣಿಸಲೇ ಇಲ್ಲ.

ಇದು ವೈರಿನ ಕಥೆ. ಅಷ್ಟು ವರ್ಷದ ವೈರ್, ಚೌಕದ ತುದಿ ಪ್ರಿಂಟರ್ ಬೆನ್ನಲ್ಲಿ ಅಲ್ಲಾಡುತ್ತಿತ್ತು. ಸಾಲದ್ದಕ್ಕೆ ಹುಡುಗ ಅದನ್ನು ಲ್ಯಾಪ್‌ಟಾಪಿನ ಸಣ್ಣ ಟೈಪ್-ಸಿ ತೂತಿಗೆ ಒಂದು ಅಗ್ಗದ ಅಡಾಪ್ಟರ್ ಮೂಲಕ ಸಿಕ್ಕಿಸಿದ್ದ. ಅಡಾಪ್ಟರ್ ತೆಗೆದು, ಬೇರೆ ವೈರ್ ಹಾಕಿ, ಅಗಲದ ಯುಎಸ್‌ಬಿ ತೂತಿಗೇ ನೇರ ಕೊಟ್ಟೆವು. ಟಿಣ್. ಈ ಸಲ ಸರಿಯಾದ ಹೆಸರು. ಟೆಸ್ಟ್ ಪೇಜ್ ಕೊಟ್ಟ ಕೂಡಲೇ ಒಳಗೆ ಗರಗರ ಶಬ್ದ, ಹಾಳೆ ಎಳೆದುಕೊಂಡ ಸದ್ದು, ಬಿಸಿ ಬಿಸಿ ಹಾಳೆ ಹೊರಗೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ನೀಲಿ ಬಣ್ಣದ ಯುಎಸ್‌ಬಿ 3 ತೂತು ಮಾತ್ರ ಇದ್ದು ಅದರಲ್ಲಿ ತಕರಾರು ಬಂದರೆ, ನಡುವೆ ಒಂದು ಸಾದಾ ಯುಎಸ್‌ಬಿ 2 ಹಬ್ ಇಟ್ಟು ನೋಡಿ. ಹಳೇ ಸಾಮಾನುಗಳಿಗೆ ಅದು ಒಗ್ಗುವುದುಂಟು.

ಒಂದು ಸಲ ಯಾವ ತೂತಿಗೆ ಚುಚ್ಚಿದಿರೋ ಯಾವಾಗಲೂ ಅದಕ್ಕೇ ಚುಚ್ಚಿ. ಬದಲಾಯಿಸಿದರೆ ವಿಂಡೋಸ್ ಇನ್ನೊಂದು ಪೋರ್ಟ್ ಮಾಡಿಕೊಂಡು "ಕಾಪಿ 1" ಅಂತ ಎರಡನೇ ಪ್ರಿಂಟರ್ ಹುಟ್ಟಿಸುತ್ತದೆ. ನೀವು ಮೊದಲನೆಯದಕ್ಕೆ ಕೊಡುತ್ತಿರುತ್ತೀರಿ, ಅದು ಆಫ್‌ಲೈನ್ ಅನ್ನುತ್ತಿರುತ್ತದೆ.

ಇನ್ನೊಂದು ಕಿರಿಕಿರಿ. ವಿಂಡೋಸ್‌ನಲ್ಲಿ ಡಿಫಾಲ್ಟ್ ಪ್ರಿಂಟರ್ ಯಾವುದು ಅಂತ ತಾನೇ ನಿರ್ಧರಿಸುವ ಒಂದು ಸೆಟ್ಟಿಂಗ್ ಇದೆ. ಅದನ್ನು ಆಫ್ ಮಾಡಿ. ಇಲ್ಲದಿದ್ದರೆ ನೀವು ಒಮ್ಮೆ ಪಿಡಿಎಫ್ ಮಾಡಿದಿರೋ, ಮುಂದಿನ ಪಹಣಿಯೂ ಪಿಡಿಎಫ್ ಆಗಲಿಕ್ಕೆ ಹೊರಡುತ್ತದೆ. ಮುಂದೆ ನಿಂತ ಗಿರಾಕಿ "ಬಸ್ಸು ಬಂತು ಅಕ್ಕಾ, ಬೇಗ ಕೊಡಿ ಮಾರಾಯ್ರೆ" ಅನ್ನುವಾಗಲೇ ಈ ಫೈಲನ್ನು ಎಲ್ಲಿ ಉಳಿಸಲಿ ಅಂತ ಅದು ಕೇಳುವುದು.

ಅದೇ ಪುಟದಲ್ಲಿ "ವಿಂಡೋಸ್ ಪ್ರೊಟೆಕ್ಟೆಡ್ ಪ್ರಿಂಟ್ ಮೋಡ್" ಅಂತ ಒಂದಿದೆ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಬಂದದ್ದು. ಹೆಸರು ಕೇಳಿದರೆ ಒಳ್ಳೆಯದೇ ಅನ್ನಿಸುತ್ತದೆ. ಆದರೆ ಅದನ್ನು ಆನ್ ಮಾಡಿದರೆ ಕಂಪನಿ ಡ್ರೈವರ್ ಮೇಲೆ ನಡೆಯುವ ಪ್ರಿಂಟರ್‌ಗಳೆಲ್ಲ ಪಟ್ಟಿಯಿಂದಲೇ ಹೋಗುತ್ತವೆ. 2900 ಇಟ್ಟುಕೊಂಡವರು ಅದನ್ನು ಮುಟ್ಟಬಾರದು.

ಕೊಟ್ಟ ಪ್ರಿಂಟು ಸಾಲಿನಲ್ಲಿ ಸಿಕ್ಕಿಕೊಂಡು ಡಿಲೀಟೂ ಆಗದೆ ಕೂತರೆ, ವಿಂಡೋಸ್‌ನ ಸರ್ವಿಸಸ್‌ನಲ್ಲಿ ಪ್ರಿಂಟ್ ಸ್ಪೂಲರ್ (ಪ್ರಿಂಟುಗಳನ್ನು ಸಾಲಿನಲ್ಲಿಟ್ಟು ಕಳಿಸುವುದು ಇದೇ) ನಿಲ್ಲಿಸಿ, ವಿಂಡೋಸ್ ಫೋಲ್ಡರ್‌ನ ಸಿಸ್ಟಮ್32 ಒಳಗಿನ ಸ್ಪೂಲ್ ಫೋಲ್ಡರ್‌ನಲ್ಲಿ ಪ್ರಿಂಟರ್ಸ್ ಅಂತ ಇರುವುದನ್ನು ಖಾಲಿ ಮಾಡಿ, ಮತ್ತೆ ಸ್ಪೂಲರ್ ಶುರು ಮಾಡಿ. ಪ್ರಿಂಟರ್ಸ್ ಫೋಲ್ಡರ್ ಒಳಗಿನದು ಮಾತ್ರ ಅಳಿಸಿ, ಫೋಲ್ಡರನ್ನೇ ಅಲ್ಲ.

ಇಷ್ಟೆಲ್ಲ ಒದ್ದಾಡುವಷ್ಟು ಈ ಪ್ರಿಂಟರ್‌ನಲ್ಲಿ ಏನಿದೆ ಅಂತ ಕೇಳಬಹುದು. ನಿಮಿಷಕ್ಕೆ 12 ಪುಟ, ಬರೀ ಕಪ್ಪು. ವೈಫೈ ಇಲ್ಲ, ಸ್ಕ್ಯಾನ್ ಇಲ್ಲ, ಎರಡೂ ಬದಿ ಬೇಕಾದರೆ ಹಾಳೆ ಕೈಯಲ್ಲೇ ತಿರುವಿ ಹಾಕಬೇಕು. ಆದರೆ ಅಕ್ಷರ ನೋಡಿ. ಕನ್ನಡದ ಒತ್ತಕ್ಷರ, ಪುಟ್ಟ ಸೊನ್ನೆ, ಪಹಣಿಯ ಕಾಲಂನ ಸಣ್ಣ ಅಂಕಿ, ಎಲ್ಲವೂ ಕೊರೆದ ಹಾಗೆ ಬರುತ್ತವೆ. ಟೋನರ್ ಪುಡಿ ಶಾಖಕ್ಕೆ ಕರಗಿ ಹಾಳೆಗೆ ಅಂಟುವುದರಿಂದ ಮಳೆಹನಿ ಬಿದ್ದರೂ ಅಕ್ಷರ ಹರಡುವುದಿಲ್ಲ. ನಮ್ಮೂರಲ್ಲಿ ಅರ್ಜಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಕೊಡೆ ಹಿಡಿದು ಹೋಗುವವರಿಗೆ ಇದು ಸಣ್ಣ ವಿಷಯ ಅಲ್ಲ. ಸಾಮಾನ್ಯ ಇಂಕಿನಲ್ಲಿ ಮಾಡಿಸಿದ ಅರ್ಜಿ ಒದ್ದೆಯಾಗಿ, ಸರ್ವೆ ನಂಬರೇ ಓದಲಿಕ್ಕಾಗದೆ ವಾಪಸ್ ಬಂದವರನ್ನು ನಾನು ನೋಡಿದ್ದೇನೆ.

ಖರ್ಚೂ ಕಮ್ಮಿ. ಇದಕ್ಕೆ ಬೇಕಾದದ್ದು 303 ಕಾರ್ಟ್ರಿಡ್ಜ್. ಕಂಪನಿ ಲೆಕ್ಕದಲ್ಲಿ ಒಂದಕ್ಕೆ 2000 ಪುಟ, ಅದೂ ಪುಟದಲ್ಲಿ ಶೇ 5ರಷ್ಟು ಮಾತ್ರ ಕಪ್ಪು ಇದ್ದರೆ. ಮಾರುಕಟ್ಟೆಯಲ್ಲಿ ಎಚ್‌ಪಿಯ 12ಎ ಕಾರ್ಟ್ರಿಡ್ಜ್ ಬದಲಿಗೂ ಇದರ ಬದಲಿಗೂ ಆಗುವ, ಬೇರೆ ಕಂಪನಿಯ ಕಾರ್ಟ್ರಿಡ್ಜ್ ಸಿಗುತ್ತದೆ. ಪುಡಿ ತುಂಬಿಸಲಿಕ್ಕೆ ನಮ್ಮ ಕಡೆ ಮುನ್ನೂರು ರೂಪಾಯಿ ಆಸುಪಾಸು. ತುಂಬುವವರು ಹಳೇ ವೇಸ್ಟ್ ಪುಡಿ ಖಾಲಿ ಮಾಡಿದರೋ ಇಲ್ಲವೋ ನಿಂತು ನೋಡಿ. ಮಾಡದಿದ್ದರೆ ಹಾಳೆ ಮೇಲೆಲ್ಲ ಕಪ್ಪು ಚುಕ್ಕಿ.

ಮಲೆನಾಡಿನವರಿಗೆ ಒಂದು ಮಾತು ಹೆಚ್ಚಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಳೆ ಸಿಕ್ಕಿಕೊಂಡರೆ ಡ್ರೈವರ್ ಬೈಯಬೇಡಿ, ಪ್ರಿಂಟರ್ ಬೈಯಬೇಡಿ. ಆಗುಂಬೆ ಮಳೆಯ ಗಾಳಿ ಇಲ್ಲಿಗೂ ಬರುತ್ತದಲ್ಲ, ಪೇಪರ್ ತಂಡಿ ಹಿಡಿಯುತ್ತದೆ. ತಂಡಿ ಹಿಡಿದ ಹಾಳೆ ಎರಡೆರಡಾಗಿ ಒಳಗೆ ಹೋಗುತ್ತದೆ, ಬಿಸಿ ರೋಲರ್ ದಾಟುವಾಗ ಸುರುಳಿ ಸುತ್ತುತ್ತದೆ, ಕೆಲವು ಸಲ ಹಾಳೆಯಿಂದ ಹಬೆಯೂ ಏಳುತ್ತದೆ. ಹೊಗೆ ಅಂತ ಹೆದರಿ ಸ್ವಿಚ್ ಆರಿಸಿದವರಿದ್ದಾರೆ. ಟ್ರೇನಲ್ಲಿ 150 ಹಾಳೆ ಹಿಡಿಯುತ್ತದೆ ಅಂತ ಮಳೆಗಾಲದಲ್ಲಿ ತುಂಬಿಡಬೇಡಿ. ಬೇಕಾದಷ್ಟೇ ಹಾಕಿ, ಉಳಿದ ಬಂಡಲ್ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಅಂಗಡಿ ಮುಚ್ಚುವಾಗ ಟ್ರೇ ಖಾಲಿ ಮಾಡಿ ಬಟ್ಟೆ ಹೊದಿಸುತ್ತೇನೆ. ಹಲ್ಲಿ ಒಳಗೆ ಹೋದರೆ ಕಷ್ಟ.

ಕರೆಂಟಿನ ವಿಷಯ. ಸಣ್ಣ ಯುಪಿಎಸ್‌ಗೆ ಲೇಸರ್ ಪ್ರಿಂಟರ್ ಕೊಡಬೇಡಿ. ರೋಲರ್ ಬಿಸಿ ಮಾಡಲಿಕ್ಕೆ ಅದು ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ. ಯುಪಿಎಸ್ ಕೀ ಅಂತ ಕೂಗಿ ಎಲ್ಲವನ್ನೂ ಆರಿಸಿಬಿಡುತ್ತದೆ.

ಯಾರಿಗೆ ಇದು ಬೇಡ? ಮೊಬೈಲ್‌ನಿಂದಲೇ ಪ್ರಿಂಟ್ ಬೇಕು ಅನ್ನುವವರಿಗೆ ಬೇಡ. ವೈಫೈ ಪ್ರಿಂಟ್ ಸರ್ವರ್ ಡಬ್ಬಿ ಕೊಂಡು ಸರಿಮಾಡಿಕೊಳ್ಳೋಣ ಅಂದರೆ, ಕ್ಯಾಪ್ಟ್ ಇರುವುದರಿಂದ ಹೆಚ್ಚಿನವು ಇದಕ್ಕೆ ಕೆಲಸ ಮಾಡುವುದಿಲ್ಲ. ನಾವು ಗಿರಾಕಿಗಳಿಂದ ವಾಟ್ಸ್ಆ್ಯಪ್‌ನಲ್ಲಿ ಫೈಲ್ ತರಿಸಿಕೊಂಡು ಲ್ಯಾಪ್‌ಟಾಪ್‌ನಿಂದ ಕೊಡುತ್ತೇವೆ, ಅಷ್ಟೇ. ಹಾಗೆಯೇ ಈಗ ಬರುತ್ತಿರುವ ಸ್ನಾಪ್‌ಡ್ರಾಗನ್ ಚಿಪ್‌ನ ಲ್ಯಾಪ್‌ಟಾಪ್ ಕೊಳ್ಳುವವರು ಈ ಪ್ರಿಂಟರ್ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಈ ಡ್ರೈವರ್ ಇಂಟೆಲ್, ಎಎಂಡಿ ಚಿಪ್‌ಗಳಿಗೆ ಮಾಡಿದ್ದು. ಕೊಳ್ಳುವ ಮೊದಲು ಕೇಳಿಕೊಳ್ಳಿ.

ಹೊಸ ಲ್ಯಾಪ್‌ಟಾಪ್‌ನಲ್ಲಿ ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ ಹಳೇ ಕನ್ನಡ ಫೈಲುಗಳು ಎಬಿಸಿಡಿ ಗೊಂದಲವಾಗಿ ಪ್ರಿಂಟಾದರೆ ಅದು ಪ್ರಿಂಟರ್ ತಪ್ಪಲ್ಲ, ಫಾಂಟ್ ಹಾಕಿಲ್ಲ ಅಂತ. ನುಡಿ ಇನ್‌ಸ್ಟಾಲ್ ಮಾಡಿದರೆ ಸರಿಯಾಗುತ್ತದೆ.

ನನ್ನ ಕಡೆಯಿಂದ ಐದಕ್ಕೆ ನಾಲ್ಕು. ಒಂದು ಕಡಿಮೆ ಮಾಡಿದ್ದು ವೈಫೈ ಇಲ್ಲದ್ದಕ್ಕೆ. ಕಂಪನಿಗಳ ಪ್ರಿಂಟರ್ ಡ್ರೈವರ್‌ಗಳಿಗೆ ವಿಂಡೋಸ್‌ನಲ್ಲಿ ಬೆಂಬಲವನ್ನು ಹಂತ ಹಂತವಾಗಿ ಕಡಿಮೆ ಮಾಡುತ್ತೇವೆ ಅಂತ ಮೈಕ್ರೋಸಾಫ್ಟ್ 2023ರಲ್ಲೇ ಹೇಳಿದೆ. ಅದಕ್ಕೆ ಆ ಡಬ್ಲ್ಯೂ64 ಫೈಲನ್ನು ಒಂದು ಪೆನ್‌ಡ್ರೈವ್‌ಗೆ, ಇನ್ನೊಂದು ಕಾಪಿ ನಿಮ್ಮ ಮೇಲ್‌ಗೆ ಹಾಕಿಟ್ಟುಕೊಳ್ಳಿ. ತೀರ್ಥಹಳ್ಳಿ ಕಡೆಯವರಾದರೆ ಪೆನ್‌ಡ್ರೈವ್ ತನ್ನಿ, ನಾನೇ ಹಾಕಿಕೊಡುತ್ತೇನೆ. ಭಾನುವಾರ ಮಾತ್ರ ಬರಬೇಡಿ, ಅಂಗಡಿ ರಜೆ.