ಬಿಬಿಸಿಯ ‘ಸಿಕ್ಸ್ ಮಿನಿಟ್ ಇಂಗ್ಲಿಷ್’: ಮೂರು ವರ್ಷ ಬಳಸಿದ ಮೇಲೆ ಬರೆದ ವಿಮರ್ಶೆ

ಬಿಬಿಸಿ ಲರ್ನಿಂಗ್ ಇಂಗ್ಲಿಷ್ 1943ರಿಂದ ಇಂಗ್ಲಿಷ್ ಕಲಿಸುತ್ತಿರುವ ಸಂಸ್ಥೆ. ಅದರ ‘ಸಿಕ್ಸ್ ಮಿನಿಟ್ ಇಂಗ್ಲಿಷ್’ ವಾರಕ್ಕೊಂದು ಬರುವ ಪುಟ್ಟ ಪಾಡ್‌ಕಾಸ್ಟ್. ಇಬ್ಬರು ನಿರೂಪಕರು ಒಂದು ವಿಷಯ ಎತ್ತಿಕೊಂಡು ಮೊದಲೇ ಒಂದು ಪ್ರಶ್ನೆ ಕೇಳುತ್ತಾರೆ, ನಡುವೆ ಬೇರೆ ಬಿಬಿಸಿ ಕಾರ್ಯಕ್ರಮಗಳ ತುಣುಕು ಕೇಳಿಸುತ್ತಾರೆ, ಆರು ಪದಗಳ ಅರ್ಥ ಬಿಡಿಸುತ್ತಾರೆ, ಕೊನೆಗೆ ಪ್ರಶ್ನೆಯ ಉತ್ತರ ಹೇಳುತ್ತಾರೆ. ದುಡ್ಡು ಕೊಡಬೇಕಿಲ್ಲ. ಆಡಿಯೋ ಮತ್ತು ಮಾತಿನ ಬರಹ ಎರಡನ್ನೂ ಇಳಿಸಿಕೊಳ್ಳಬಹುದು. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಬರೆಯಲೂ ಬರುತ್ತದೆ, ಆದರೆ ಮೀಟಿಂಗ್‌ನಲ್ಲೋ ಇಂಟರ್‌ವ್ಯೂನಲ್ಲೋ ಬಾಯಿ ಕಟ್ಟಿಹೋಗುತ್ತದೆ ಎನ್ನುವವರಿಗೆ ಇದು ಸರಿಯಾದ ಮಟ್ಟದ್ದು. ವಾಕ್ಯವನ್ನೇ ಕಟ್ಟಲು ಬಾರದವರಿಗೆ ಈಗಲೇ ಬೇಡ, ಮೊದಲ ವಾರವೇ ಸೋತು ಬಿಟ್ಟುಬಿಡುತ್ತಾರೆ.

ಹೆಚ್ಚಿನವರು ಇದನ್ನು ಬಸ್ಸಿನಲ್ಲೋ ಮೆಟ್ರೋದಲ್ಲೋ ದಿನಕ್ಕೊಂದು ಎಪಿಸೋಡ್ ಕೇಳುತ್ತಾರೆ. ಹಾಗೆ ಒಂದು ವರ್ಷ ಕೇಳಿದರೆ ಕಿವಿ ಪಳಗುತ್ತದೆ, ಬಾಯಿ ಇದ್ದಲ್ಲೇ ಇರುತ್ತದೆ. ಕೆಲಸ ಆಗಬೇಕಾದರೆ ವಾರಕ್ಕೆ ಒಂದೇ ಎಪಿಸೋಡ್ ಸಾಕು, ಅದರಲ್ಲೂ ಬರೀ 40–45 ಸೆಕೆಂಡಿನ ತುಂಡು. ಅಷ್ಟರಲ್ಲಿ ನೂರರ ಆಸುಪಾಸು ಪದಗಳಿರುತ್ತವೆ. ದಿನಕ್ಕೆ 20 ನಿಮಿಷ, ಆ ನೂರು ಪದಗಳ ಮೇಲೆ.

ತುಂಡನ್ನು ನಿರೂಪಕರ ಮಾತಿನಿಂದಲೇ ಆರಿಸಬೇಕು. ಅವರು ಕಲಿಯುವವರಿಗಾಗಿ ಸ್ವಲ್ಪ ನಿಧಾನವಾಗಿ, ಬಿಡಿಸಿ ಮಾತಾಡುತ್ತಾರೆ. ನಡುವೆ ಬರುವ ತುಣುಕುಗಳಲ್ಲಿನ ಅತಿಥಿಗಳು ತಮ್ಮ ಸಹಜ ವೇಗದಲ್ಲಿ, ತಮ್ಮ ತಮ್ಮ ಊರಿನ ಧಾಟಿಯಲ್ಲಿ ಮಾತಾಡುತ್ತಾರೆ. ಕೇಳಲು ಅದು ಒಳ್ಳೆಯದು, ಅನುಕರಿಸಲು ಅಲ್ಲ. ಮೊದಲ ದಿನ ಬರಹ ನೋಡದೆ ನಾಲ್ಕೈದು ಸಲ ಕೇಳಿ, ಕೇಳಿಸಿದಷ್ಟನ್ನು ಕಾಗದದ ಮೇಲೆ ಬರೆಯಬೇಕು. ಎರಡನೇ ದಿನ ಬರಹದ ಜತೆ ಹೋಲಿಸಿದರೆ ಬಿಟ್ಟುಹೋದದ್ದೆಲ್ಲ ಸಣ್ಣ ಪದಗಳೇ ಎಂದು ತಿಳಿಯುತ್ತದೆ: ಆಫ್, ಟು, ಫಾರ್, ಹ್ಯಾವ್. ಅವರು ನುಂಗಿದ್ದನ್ನು ನಮ್ಮ ಕಿವಿ ಹಿಡಿಯಲಿಲ್ಲ, ನಮ್ಮ ಬಾಯಿ ಅದನ್ನು ನುಂಗುವುದೂ ಇಲ್ಲ. ಒಂದು ಎಚ್ಚರ: ಬರಹದ ತಲೆಯ ಮೇಲೆಯೇ ಇದು ಪದಶಃ ಪ್ರತಿಯಲ್ಲ ಎಂದು ಬರೆದಿರುತ್ತಾರೆ. ಕಿವಿಗೂ ಕಾಗದಕ್ಕೂ ಜಗಳ ಬಂದರೆ ಕಿವಿಯನ್ನೇ ನಂಬಿ ಪೆನ್ಸಿಲ್ಲಿನಲ್ಲಿ ತಿದ್ದಿಕೊಳ್ಳಿ. ಎಲ್ಲಿ ನಿಲ್ಲಿಸಿದರು, ಯಾವ ಪದ ಎತ್ತಿ ಹೇಳಿದರು ಎಂಬುದಕ್ಕೂ ಗುರುತು ಹಾಕಿ.

ಮೂರನೇ ಮತ್ತು ನಾಲ್ಕನೇ ದಿನ ಶ್ಯಾಡೋಯಿಂಗ್. ಮಗ್ಗಿ ಹೇಳಿಸಿದಾಗ ಮೇಷ್ಟ್ರು ಮುಗಿಸಿದ ಮೇಲೆ ನಾವು ಹೇಳುತ್ತಿದ್ದೆವಲ್ಲ, ಇದು ಹಾಗಲ್ಲ. ಭಜನೆಯಲ್ಲಿ ದನಿ ಸೇರಿಸಿದ ಹಾಗೆ, ಆಡಿಯೋ ಓಡುತ್ತಿರುವಾಗಲೇ ಅರೆ ಸೆಕೆಂಡು ಹಿಂದೆ ಬೆನ್ನುಹತ್ತಿ ಹೇಳುವುದು. ವಿಎಲ್‌ಸಿ ಎಂಬ ಪ್ಲೇಯರ್ ಆ್ಯಪಿನಲ್ಲಿ ವೇಗ 0.75ಕ್ಕೆ ಇಳಿಸಿ ಶುರುಮಾಡಬಹುದು. ಅದಕ್ಕಿಂತ ಕೆಳಗೆ ಹೋದರೆ ಮಾತಿನ ಏರಿಳಿತವೇ ಕೆಟ್ಟು, ಕಲಿಯಬೇಕಾದದ್ದೇ ಮಾಯವಾಗುತ್ತದೆ. ಕಾಗದ ನೋಡುತ್ತಾ ಮಾಡಿದರೆ ಕಣ್ಣು ಮುಂದೆ ಓಡಿ ಬಾಯಿ ಓದಲು ತೊಡಗುತ್ತದೆ, ಹಳೆಯ ಉಚ್ಚಾರವೇ ವಾಪಸ್ ಬರುತ್ತದೆ. ನೂರು ಪದ ಎರಡು ದಿನದಲ್ಲಿ ಬಾಯಿಪಾಠ ಆಗಿಯೇ ಆಗುತ್ತದೆ, ಕಾಗದ ಮಡಿಸಿಡಿ.

ಆಮೇಲೆ ರೆಕಾರ್ಡ್ ಮಾಡಿ ಕೇಳಬೇಕು. ಎಲ್ಲರೂ ತಪ್ಪಿಸಿಕೊಳ್ಳುವ ಹೆಜ್ಜೆ ಇದು, ಇದಿಲ್ಲದೆ ಉಳಿದದ್ದೆಲ್ಲ ಅರ್ಧ ದಂಡ. ಬ್ಲೂಟೂತ್ ಹೆಡ್‌ಸೆಟ್ಟಿನ ಮೈಕ್ ಬಳಸಬೇಡಿ. ಮೈಕ್ ಶುರುವಾದ ಕೂಡಲೇ ಅದು ಫೋನ್ ಕರೆಯ ಗುಣಮಟ್ಟಕ್ಕೆ ಇಳಿದು ಸ್, ಫ್, ಥ್ ಎಲ್ಲ ಒಂದೇ ಗಾಳಿಯಾಗಿ ಕೇಳುತ್ತದೆ. ವೈರಿನ ಇಯರ್‌ಫೋನ್ ಒಂದು ಕಿವಿಗೆ, ಫೋನು ಬಾಯಿಂದ ಒಂದು ಗೇಣು ದೂರ, ನೇರಕ್ಕೆ ಹಿಡಿಯದೆ ಸ್ವಲ್ಪ ಪಕ್ಕಕ್ಕೆ. ಅವರದೊಂದು ವಾಕ್ಯ, ನಿಮ್ಮದೊಂದು ವಾಕ್ಯ, ಹೀಗೆ ಹೋಲಿಸಿ. ಒಂದು ಸಲಕ್ಕೆ ಒಂದೇ ದೋಷ ಹಿಡಿದು ತಿದ್ದಿ.

ಇಲ್ಲೇ ಈ ಕಾರ್ಯಕ್ರಮದ ಮಿತಿಯೂ ಗೊತ್ತಾಗುವುದು. ಇದು ಇಡೀ ಜಗತ್ತಿಗಾಗಿ ಮಾಡಿದ್ದು, ಕನ್ನಡಿಗರ ನಾಲಿಗೆ ಎಲ್ಲಿ ಎಡವುತ್ತದೆ ಎಂದು ಅದು ಹೇಳಲಾರದು. ಅದನ್ನು ನಾವೇ ಹೊರಗಿನಿಂದ ತರಬೇಕು.

ಮೊದಲು ಸರಿಪಡಿಸಬೇಕಾದದ್ದು ಒತ್ತು. ಒತ್ತಕ್ಷರದ ಮಾತಲ್ಲ ಇದು. ಪದದ ಒಂದು ಭಾಗವನ್ನು ಎತ್ತಿ, ಎಳೆದು, ಉಳಿದದ್ದನ್ನು ಕುಗ್ಗಿಸುವುದು. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರದರ ಮಾತ್ರೆ ಸಲ್ಲಬೇಕು. ಇಂಗ್ಲಿಷಿನಲ್ಲಿ ಒತ್ತು ಬಿದ್ದದ್ದಕ್ಕೆ ಸಿಂಹಪಾಲು, ಉಳಿದವಕ್ಕೆ ಚೂರುಪಾರು. ‘ಹೋಟೆಲ್’, ‘ಡೆವಲಪ್’ ಎರಡರಲ್ಲೂ ಒತ್ತು ಎರಡನೇ ಭಾಗಕ್ಕೆ, ನಾವು ಮೊದಲನೆಯದಕ್ಕೆ ಕೊಡುತ್ತೇವೆ. ‘ಫೋಟೋಗ್ರಾಫ್’ನಲ್ಲಿ ಮೊದಲ ಭಾಗಕ್ಕಿದ್ದ ಒತ್ತು ‘ಫೊಟಾಗ್ರಫಿ’ಯಲ್ಲಿ ಎರಡನೆಯದಕ್ಕೆ, ‘ಫೋಟೋಗ್ರಾಫಿಕ್’ನಲ್ಲಿ ಮೂರನೆಯದಕ್ಕೆ ಜಿಗಿಯುತ್ತದೆ. ‘ವೆಜಿಟೇಬಲ್’ ಎಂದು ನಾವು ನಾಲ್ಕು ಭಾಗ ಮಾಡುವುದನ್ನು ಅವರು ‘ವೆಜ್‌ಟಬಲ್’ ಎಂದು ಮೂರರಲ್ಲಿ ಮುಗಿಸುತ್ತಾರೆ. ಕೇಂಬ್ರಿಡ್ಜ್ ಆನ್‌ಲೈನ್ ನಿಘಂಟಿನಲ್ಲಿ ಉಚ್ಚಾರದ ಸಾಲಿನಲ್ಲಿ ಮೇಲೆ ಒಂದು ಸಣ್ಣ ನೆಟ್ಟಗೆರೆ ಇರುತ್ತದೆ, ಅದರ ಮುಂದಿನ ಭಾಗಕ್ಕೆ ಒತ್ತು. ಮೇಜಿನ ಮೇಲೆ ಬೆರಳು ಬಡಿಯುತ್ತಾ, ಒತ್ತಿಗೆ ಮಾತ್ರ ಬಡಿತ ಕೊಟ್ಟು ಹೇಳಿ ನೋಡಿ. ಸಣ್ಣ ಪದಗಳಲ್ಲಿ ಇದರ ಪೆಟ್ಟು ಇನ್ನೂ ಜೋರು. ‘ಐ ಕ್ಯಾನ್ ಕಮ್’ ಎಂಬಲ್ಲಿ ‘ಕ್ಯಾನ್’ ಬರೀ ‘ಕನ್’ ಆಗಬೇಕು. ಪೂರ್ತಿ ಬಿಡಿಸಿ, ಒತ್ತಿ ಹೇಳಿದರೆ ಅಮೆರಿಕದವರ ಕಿವಿಗೆ ಅದು ‘ಬರಲು ಆಗುವುದಿಲ್ಲ’ ಎಂದೂ ಕೇಳಬಹುದು.

ಎರಡನೆಯದು ‘ವ’. ದ್ರಾಕ್ಷಿಯ ಮದ್ಯಕ್ಕೂ ‘ವೈನ್’, ದ್ರಾಕ್ಷಿಯ ಬಳ್ಳಿಗೂ ‘ವೈನ್’. ಪಶ್ಚಿಮಕ್ಕೂ ‘ವೆಸ್ಟ್’, ಬನಿಯನ್ನಿಗೂ ‘ವೆಸ್ಟ್’. ನಮ್ಮ ಲಿಪಿಯಲ್ಲಿ ಬರೆದರೆ ವ್ಯತ್ಯಾಸವೇ ಕಾಣದು, ಬಾಯಲ್ಲೂ ಅಷ್ಟೇ. ನಮ್ಮ ‘ವ’ ಅವೆರಡರ ನಡುವೆ ಎಲ್ಲೋ ಕೂತಿದೆ. ಬಳ್ಳಿಗೆ, ಬನಿಯನ್ನಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಿ ಝುಂ ಎನ್ನಬೇಕು. ಮದ್ಯಕ್ಕೆ, ಪಶ್ಚಿಮಕ್ಕೆ ಹಲ್ಲು ತಾಗಲೇಕೂಡದು, ‘ಉ’ ಹೇಳುವಂತೆ ತುಟಿ ದುಂಡಗಾಗಿ ಅಲ್ಲಿಂದ ‘ಉಐನ್’, ‘ಉಎಸ್ಟ್’ ಎಂದು ಜಾರಬೇಕು. ಕನ್ನಡಿ ಮುಂದೆ ಐದು ನಿಮಿಷ ಸಾಕು, ತುಟಿ ಕಂಡರೆ ತಪ್ಪೂ ಕಾಣುತ್ತದೆ.

ಮೂರನೆಯದು ನಮ್ಮ ಸಂಧಿಯ ಅಭ್ಯಾಸ. ‘ಎಂಟು’ ಬಾಯಲ್ಲಿ ‘ಯೆಂಟು’, ‘ಒಂದು’ ‘ವೊಂದು’ ಆಗುವ ಹಾಗೆ ಇಂಗ್ಲಿಷಿನ ‘ಎಕ್ಸಿಟ್’ ‘ಯೆಕ್ಸಿಟ್’ ಆಗುತ್ತದೆ, ‘ಓನ್ಲಿ’ ‘ವೋನ್ಲಿ’ ಆಗುತ್ತದೆ. ಕಿವಿ ಎನ್ನುವ ‘ಇಯರ್’, ವರ್ಷ ಎನ್ನುವ ‘ಯಿಯರ್’ ಕಲಸಿಹೋಗುತ್ತವೆ. ವಾಕ್ಯದ ಮೊದಲಲ್ಲಿ ಇದನ್ನು ತಡೆಯಬೇಕು. ವಾಕ್ಯದ ನಡುವೆ ಇಂಗ್ಲಿಷರೂ ಇದನ್ನೇ ಮಾಡುತ್ತಾರೆ, ‘ಗೋ ಔಟ್’ ನಡುವೆ ತೆಳುವಾದ ವಕಾರ ಬರುತ್ತದೆ. ಪದದ ಕೊನೆಗೆ ಅಂಟುವ ‘ಉ’ ಕೂಡ ಇದೇ ಸಂಸಾರದ್ದು: ಬಸ್ಸು, ಬುಕ್ಕು, ಬ್ಯಾಂಕು. ಕನ್ನಡಕ್ಕೆ ಅದೇ ಚೆಂದ, ಇಂಗ್ಲಿಷ್ ವಾಕ್ಯದಲ್ಲಿ ಅದು ಲಯ ಕೆಡಿಸುತ್ತದೆ. ಮದ್ದು ಸುಲಭ: ಕೊನೆಯ ವ್ಯಂಜನವನ್ನು ಮುಂದಿನ ಪದದ ಸ್ವರಕ್ಕೆ ಪೋಣಿಸಿ, ‘ಪಿಕ್ ಇಟ್ ಅಪ್’ ಅನ್ನು ‘ಪಿಕಿಟಪ್’ ಮಾಡಿ.

ಭೂತಕಾಲದ ‘ed’ ಬಾಲಕ್ಕೆ ಒಂದು ನಿಯಮವಿದೆ, ಶಾಲೆಯಲ್ಲಿ ಯಾಕೋ ಹೇಳಿಕೊಡುವುದು ಕಡಿಮೆ. ಕ್ರಿಯಾಪದ ಟ್ ಅಥವಾ ಡ್ ದನಿಯಲ್ಲಿ ಮುಗಿದರೆ ಮಾತ್ರ ‘ಇಡ್’: ವಾಂಟಿಡ್, ನೀಡಿಡ್. ಕ್, ಪ್, ಸ್, ಶ್, ಚ್, ಫ್ ಆದರೆ ಬರೀ ‘ಟ್’: ವಾಕ್ಟ್, ಹೆಲ್ಪ್ಟ್. ಉಳಿದದ್ದಕ್ಕೆಲ್ಲ ‘ಡ್’. ‘ಆಸ್ಕೆಡ್’, ‘ಡೆವಲಪ್ಪೆಡ್’ ಎಂಬುವು ಇಂಗ್ಲಿಷಿನಲ್ಲಿ ಇಲ್ಲ.

ಹಳೇ ಮೈಸೂರು ಕಡೆ ‘ಹಾಲು’ ‘ಆಲು’ ಆಗುವ ರೂಢಿ ಇರುವವರು ಹಕಾರದ ಮೇಲೆ ಕಣ್ಣಿಡಬೇಕು, ‘ಹೀಟ್’ ‘ಈಟ್’ ಆದರೆ ಬಿಸಿಯ ಮಾತು ಊಟದ ಮಾತಾಗುತ್ತದೆ. ಇನ್ನು ಪದದ ಮೊದಲಲ್ಲಿ ಬರುವ ಪ್, ಟ್, ಕ್‌ಗಳಿಗೆ ಇಂಗ್ಲಿಷಿನಲ್ಲಿ ಮಹಾಪ್ರಾಣದ ಉಸಿರು ಬೇಕು, ಇಲ್ಲದಿದ್ದರೆ ‘ಪ್ಯಾಕ್’ ಹೊರಗಿನವರಿಗೆ ‘ಬ್ಯಾಕ್’ ಎನಿಸುತ್ತದೆ. ಬಾಯಿ ಮುಂದೆ ತೆಳು ಕಾಗದ ಹಿಡಿದರೆ ಅದು ಅಲುಗಬೇಕು. ಹಿಂದೆ ಸಕಾರ ಇದ್ದರೆ, ಉದಾಹರಣೆಗೆ ‘ಸ್ಪೀಕ್’ನಲ್ಲಿ, ಈ ಉಸಿರು ಬೇಡ.

ನಾಲಿಗೆ ಹಲ್ಲಿಗೆ ತಾಗಿಸಿ ಹೇಳುವ ನಮ್ಮ ದಂತ್ಯ ಥ, ದ ಮತ್ತು ನಾಲಿಗೆ ಮಡಿಸಿ ಹೇಳುವ ಮೂರ್ಧನ್ಯ ಟ, ಡಗಳನ್ನು ತಿದ್ದಲು ಸಮಯ ಕಳೆಯಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅವುಗಳಿಂದ ಮಾತು ಅರ್ಥವಾಗದೆ ಹೋಗುವುದು ವಿರಳ. ಲಂಡನ್ನಿನವರಂತೆ ಕೇಳಿಸುವ ಹಂಬಲ ನಮಗೆ ಬೇಕಿಲ್ಲ, ಎದುರಿನವರು ಎರಡನೇ ಸಲ ಕೇಳದಂತಾದರೆ ಸಾಕು.

ಐದನೇ ದಿನ ಆಡಿಯೋ, ಕಾಗದ ಎರಡನ್ನೂ ಬಿಟ್ಟು ಇಡೀ ಎಪಿಸೋಡಿನ ವಿಷಯವನ್ನು ನಿಮ್ಮದೇ ಮಾತಿನಲ್ಲಿ 4 ನಿಮಿಷ ಹೇಳಿ. ಅದನ್ನೇ ಮತ್ತೆ 3 ನಿಮಿಷದಲ್ಲಿ, ಮತ್ತೆ 2 ನಿಮಿಷದಲ್ಲಿ. ಹೇಳಬೇಕಾದದ್ದು ಆಗಲೇ ಗೊತ್ತಿರುವುದರಿಂದ ಮೂರನೇ ಸುತ್ತಿಗೆ ತಡವರಿಕೆ ಕರಗುತ್ತದೆ. ‘ಆಕ್ಚುಯಲಿ’, ‘ಬೇಸಿಕಲಿ’ಗಳು ತಾವಾಗಿ ಉದುರುತ್ತವೆ, ಜಾಗ ಇರುವುದಿಲ್ಲವಲ್ಲ. ಆರು ಪದಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಳ್ಳಿ. ಹಲವು ನುಡಿಗಟ್ಟುಗಳು ಬ್ರಿಟನ್ನಿನ ಮನೆಮಾತಿನವು, ನಮ್ಮ ಆಫೀಸುಗಳಲ್ಲಿ ಅವಕ್ಕೆ ಕೆಲಸವಿಲ್ಲ. ಉಳಿಸಿಕೊಂಡ ಪದವನ್ನು ಯೂಗ್ಲಿಷ್ ಎಂಬ ಜಾಲತಾಣದಲ್ಲಿ ಹುಡುಕಿದರೆ, ಬೇರೆ ಬೇರೆ ಜನ ಅದನ್ನು ಬಳಸಿದ ವಿಡಿಯೋಗಳು ಆ ಪದ ಬರುವ ಜಾಗದಿಂದಲೇ ಶುರುವಾಗುತ್ತವೆ. ಅಮೆರಿಕದ ತಂಡದ ಜತೆ ಕೆಲಸ ಮಾಡುವವರು ಇದನ್ನು ಬಿಡಬಾರದು, ಏಕೆಂದರೆ ‘ಸಿಕ್ಸ್ ಮಿನಿಟ್’ನ ನಿರೂಪಕರದು ಬ್ರಿಟಿಷ್ ಧಾಟಿ, ಅಲ್ಲಿ ‘ಕಾರ್’ನ ರಕಾರ ಕೇಳಿಸುವುದೇ ಇಲ್ಲ.

ಮಾತು ತಿದ್ದುವವರು ಯಾರೂ ಇಲ್ಲದಿರುವುದು ಇಲ್ಲಿನ ದೊಡ್ಡ ಕೊರತೆ. ಅರ್ಧ ಪರಿಹಾರ ಗೂಗಲ್ ಡಾಕ್ಸ್‌ನ ವಾಯ್ಸ್ ಟೈಪಿಂಗ್, ಅಂದರೆ ನಾವು ಆಡಿದ ಮಾತನ್ನು ತಾನೇ ಬರೆದುಕೊಳ್ಳುವ ಸೌಲಭ್ಯ. ಕಂಪ್ಯೂಟರಿನ ಕ್ರೋಮ್‌ನಲ್ಲಿ ಟೂಲ್ಸ್ ಪಟ್ಟಿಯಲ್ಲಿ ಸಿಗುತ್ತದೆ. ಭಾಷೆ ಭಾರತದ ಇಂಗ್ಲಿಷ್ ಎಂದಿದ್ದರೆ ನಮ್ಮ ರೂಢಿಗಳಿಗೆ ಒಗ್ಗಿಕೊಂಡೇ ಬರೆಯುತ್ತದೆ, ಬ್ರಿಟನ್ ಅಥವಾ ಅಮೆರಿಕದ್ದಕ್ಕೆ ಬದಲಾಯಿಸಿ. ಆಮೇಲೂ ಅದು ಹಿಂದುಮುಂದಿನ ಪದ ನೋಡಿ ಊಹಿಸುತ್ತದೆ. ಆದ್ದರಿಂದ ಎರಡು ಪದಗಳಲ್ಲಿ ಯಾವುದು ಬಂದರೂ ಅರ್ಥ ಕೂಡುವ ವಾಕ್ಯವನ್ನೇ ಕೊಡಬೇಕು. ‘ಶೋ ಮಿ ದ ವೈನ್’ ಎಂದು ಹೇಳಿ, ಮದ್ಯ ಬರೆಯಿತೋ ಬಳ್ಳಿ ಬರೆಯಿತೋ ನೋಡಿ. ಇನ್ನರ್ಧಕ್ಕೆ ಮನುಷ್ಯರೇ ಬೇಕು: ವಾರಕ್ಕೆ ಎರಡು ಸಲ, ಅರ್ಧ ಗಂಟೆ, ಅದೇ ಎಪಿಸೋಡ್ ಕೇಳಿದ ಸ್ನೇಹಿತರೊಬ್ಬರ ಜತೆ ಫೋನಿನಲ್ಲಿ. ಮುಖ ಕಾಣದಿದ್ದಾಗ ಕೈಸನ್ನೆಯ ಆಸರೆ ಇರುವುದಿಲ್ಲ, ಮಾತೇ ಕೆಲಸ ಮಾಡಬೇಕಾಗುತ್ತದೆ.

ಪ್ರತಿ ತಿಂಗಳ ಮೊದಲ ರೆಕಾರ್ಡಿಂಗನ್ನು ತಾರೀಖು ಹಾಕಿ ಎತ್ತಿಡಿ. ಮೊದಲ ತಿಂಗಳು ಏನೂ ಕಾಣುವುದಿಲ್ಲ, ಎರಡನೆಯದರಲ್ಲಿ ಪದದ ಕೊನೆಯ ‘ಉ’ ಹೋಗಿರುತ್ತದೆ. ಒತ್ತು ಕೂಡಿಬರಲು ಆರು ತಿಂಗಳಾದರೂ ಬೇಕು. ಅದು ಬಂದದ್ದು ನಿಮಗಿಂತ ಮೊದಲು ಗೊತ್ತಾಗುವುದು ಫೋನಿನ ಆ ಬದಿಯಲ್ಲಿ ‘ಪಾರ್ಡನ್?’ ಎನ್ನುತ್ತಿದ್ದವರಿಗೆ.